ಚಳಿಗಾಲದ ವೆನಿಸ್ ನಗರವೂ ಕನ್ನಡದ ಸಹೃದಯರೂ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅಂಗಗಳೆಂದು ನಮ್ಮ ಲಾಕ್ಷಣಿಕರು ವಿಧಿಸಿರುವರಷ್ಟೆ. ಪುರ, ಸಮುದ್ರ, ಋತು, ಚಂದ್ರೋದಯ, ಜಲಕ್ರೀಡೆ ಮೊದಲಾದ ಈ ವರ್ಣನೆಗಳನ್ನು ನಮ್ಮ ಕವಿಗಳು ಒಂದೊಂದಕ್ಕೂ ಒಂದೊಂದು ಎಡೆಯನ್ನು ಗೊತ್ತುಮಾಡಿ ನಿಲ್ಲಿಸಿದರು. ಆದರೆ ಪುರವೂ ಸಮುದ್ರವೂ ಒಂದೇ ಆಗಿ, ಬೀದಿಯೇ ನೀರಾಗಿ, ಆ ನೀರಿನ ಮೇಲೆ ಚಳಿಗಾಲದ ಮಂಜು ಕವಿದು ನಿಲ್ಲುವಂತಹ ಊರೊಂದನ್ನು ಅವರು ಎಣಿಸಿರಲಾರರು. ಇಟಲಿ ದೇಶದ ವೆನಿಸ್ ನಗರವು ಅಂತಹುದು. ನೂರಕ್ಕೂ ಮೇಲ್ಪಟ್ಟ ಸಣ್ಣ ದ್ವೀಪಗಳ ಮೇಲೆ, ಕೆಸರಿನಲ್ಲಿ ಹುಗಿದ ಮರದ ಗೂಟಗಳನ್ನೇ ತಳಹದಿಯಾಗಿ ಮಾಡಿಕೊಂಡು ನಿಂತಿರುವ ಆ ನಗರದಲ್ಲಿ ಕಾಲುವೆಗಳೇ ರಾಜಬೀದಿಗಳು, ದೋಣಿಗಳೇ ಬಂಡಿಗಳು. ಸೇತುವೆಗಳು ನಾನೂರಕ್ಕೂ ಹೆಚ್ಚು.

ಈ ಲೇಖಕನು ವೆನಿಸ್ಸನ್ನು ಕಣ್ಣಾರೆ ಕಂಡವನಲ್ಲ. ಅವನ ಊರು ಮೊಳಕಾಲ್ಮೂರು ಸೀಮೆಯ ದೇವಸಮುದ್ರ. ಹೆಸರಿನಲ್ಲಿ ಸಮುದ್ರವಿರುವುದು ನಿಜ, ದೋರಸಮುದ್ರದಲ್ಲಿಯೂ ಇದ್ದಿತು. ಕನ್ನಡನಾಡಿನ ಊರುಗಳ ಹೆಸರಿನಲ್ಲಿ ಸಮುದ್ರವೆಂದರೆ ಸಾಮಾನ್ಯವಾಗಿ ಕೆರೆಯೆಂದು ತಿಳಿಯತಕ್ಕದ್ದು. ಮಳೆ ಬಹು ಕಡಮೆಯಾದ, ಬಂಡೆ ಗುಡ್ಡಗಳ ಈ ಸೀಮೆಯಲ್ಲಿ ಕುಳಿತು, ಯೂರೋಪಿನ ಒಂದು ಕಾಲುವೆಯ ನಗರವನ್ನು, ಅದೂ ಚಳಿಗಾಲದಲ್ಲಿ, ಬರೆಹದ ಮೂಲಕ ಆಸ್ವಾದಿಸಲು ಸಾಧ್ಯವೆ? ಸಾಧ್ಯವಾದರೆ ಅದು ಎಂತಹ ಆಸ್ವಾದ? ಇದನ್ನು ಸ್ವಲ್ಪ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿ ಬಹುಮಂದಿಗೆ ವೆನಿಸ್ ನಗರದ ಹೆಸರು ಪರಿಚಯವಾದುದು ಷೇಕ್ಸ್‌ಪಿಯರ್ ಮಹಾಕವಿಯ ಎರಡು ನಾಟಕಗಳಿಂದ. ಅವೆರಡೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡದ ಉಡುಗೆಯನ್ನುಟ್ಟುವು. ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪಶಾಸ್ತ್ರಿಗಳ (1843-1891) ಕೈಯಲ್ಲಿ 'ಒಥೆಲೊ' ನಾಟಕವು 'ಶೂರಸೇನ ಚರಿತ್ರೆ'ಯಾಯಿತು. ವೆನಿಸ್ಸಿನ ವರ್ತಕನ ಕಥೆಯು ಒಮ್ಮೆ 'ಪಾಂಚಾಲೀ ಪರಿಣಯ'ವಾಗಿ, ಮತ್ತೊಮ್ಮೆ 'ಸುರತನಗರದ ಶ್ರೇಷ್ಠಿ'ಯಾಗಿ ಬಂದಿತು. ಹೆಸರುಗಳೇ ಹೇಳುವಂತೆ, ಈ ಪ್ರಯಾಣದಲ್ಲಿ ನಗರವು ದಾರಿಯಲ್ಲಿಯೇ ಇಳಿದುಹೋಯಿತು.

ಇದಕ್ಕಾಗಿ ಆ ಹಿರಿಯರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ರಂಗದ ಮುಂದೆ ಕುಳಿತ ಜನಕ್ಕೆ ಕಥೆಯೂ ರಸವೂ ಕೂಡಲೆ ಮುಟ್ಟಬೇಕೆಂಬುದು ಅವರ ಕಾಳಜಿ. ಅಲ್ಲದೆ ಷೇಕ್ಸ್‌ಪಿಯರನೂ ಕಾಲುವೆಗಳನ್ನು ವರ್ಣಿಸಿದವನಲ್ಲ. ರಿಯಾಲ್ಟೊ ಎಂಬ ವ್ಯಾಪಾರಸ್ಥಳದ ಮಾತು, ಓಡಿಹೋದ ಪ್ರೇಮಿಗಳನ್ನು ಗೊಂಡೋಲವೆಂಬ ದೋಣಿಯಲ್ಲಿ ಕಂಡರೆಂಬ ಒಂದು ಸುದ್ದಿ, ಇಷ್ಟರಲ್ಲಿಯೇ ಅವನ ವೆನಿಸ್ ಮುಗಿಯುತ್ತದೆ ಎನ್ನಬಹುದು. ಆದರೆ ಕಣ್ಣಿಗೆ ಕಾಣದ ಆ ನೀರು ಕಥೆಯ ಒಳಗೆ ಕೆಲಸಮಾಡುತ್ತಲೇ ಇರುತ್ತದೆ. ಉಳಲು ಹೊಲವಿಲ್ಲದ, ಹಡಗಿನ ವ್ಯಾಪಾರದಿಂದಲೇ ಬದುಕುವ ಊರಿಗೆ ಪರದೇಶದವರೊಡನೆ ಮಾಡಿಕೊಂಡ ಕರಾರೇ ಜೀವ. ಆದುದರಿಂದ ಪತ್ರದಲ್ಲಿ ಬರೆದುದನ್ನು ಪ್ರಭುವೂ ಅಳಿಸಲಾರನೆಂದು ವರ್ತಕನಾದ ಆಂಟೋನಿಯೊ ತಾನೇ ಒಪ್ಪುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ರೇವುಪಟ್ಟಣವಾದ ಸೂರತ್ತನ್ನು ಆರಿಸಿಕೊಂಡುದು ವಿವೇಕದ ಕೆಲಸವೇ ಸರಿ. ವ್ಯಾಪಾರವು ಉಳಿಯಿತು, ಮಂಜು, ಚಳಿ, ರಾತ್ರಿಯ ನೀರಿನ ಕಪ್ಪು ಇವು ಮಾತ್ರ ಉಳಿಯಲಿಲ್ಲ.

ಇನ್ನು ಆ ಕಡೆಯಿಂದ ಈ ಕಡೆಗೆ ಬಂದವರನ್ನು ನೋಡೋಣ. ವೆನಿಸ್ಸಿನ ಹಿನ್ನೀರಿನಲ್ಲಿಯೇ ಇರುವ ಕಿಯೊಜ್ಜ ಎಂಬ ಕಾಲುವೆಗಳ ಊರಿನವನಾದ ನಿಕೊಲೊ ಕೊಂಟಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದನು. ದೇವಾಲಯಗಳ ಒಳಗೂ ಮಾಳಿಗೆಯ ಮೇಲೂ ಹಗಲಿರುಳು ಉರಿಯುವ ಎಣ್ಣೆಯ ದೀಪಗಳನ್ನೂ, ದಾರಿಹೋಕರ ಮೇಲೆ, ರಾಜರಾಣಿಯರ ಮೇಲೆ ಸಹ, ಕೇಸರಿಯ ನೀರನ್ನು ಎರಚುವ ಹಬ್ಬವನ್ನೂ ಅವನು ನೆನಪಿನಲ್ಲಿಟ್ಟುಕೊಂಡು ಹೋಗಿ ಹೇಳಿದನು. ಅವನ ಮಾತುಗಳನ್ನು ಪೋಪನ ಕಾರ್ಯದರ್ಶಿಯಾಗಿದ್ದ ಪೊಜ್ಜಿಯೊ ಎಂಬ ವಿದ್ವಾಂಸನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಕೊಂಟಿಯು ನಮ್ಮ ಹಬ್ಬವನ್ನು ತನ್ನೂರಿನ ಹಬ್ಬವಾಗಿ ಮಾರ್ಪಡಿಸಲಿಲ್ಲ; ನಮ್ಮ ನೀರು ಅವನ ಮಾತಿನಲ್ಲಿ ಕೇಸರಿಯ ನೀರಾಗಿಯೇ ಉಳಿಯಿತು. ಅವನ ಊರಿನ ನೀರಿಗೆ ನಾವು ಇಷ್ಟು ಮರ್ಯಾದೆಯನ್ನಾದರೂ ಸಲ್ಲಿಸಬೇಕಲ್ಲವೆ?

ಚಳಿಗಾಲದ ವೆನಿಸ್ಸನ್ನು ಮನಸ್ಸಿಟ್ಟು ಅನುಭವಿಸಿ ಬರೆದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬಹುದು. ಮೊದಲನೆಯವರು ಜಾನ್ ರಸ್ಕಿನ್. ಇವರು ನಮಗೆ ಹೊರಗಿನವರಲ್ಲ. 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಮಹಾತ್ಮ ಗಾಂಧಿಯವರು ಓದಿ, ಬಳಿಕ 'ಸರ್ವೋದಯ'ವೆಂಬ ಹೆಸರಿನಿಂದ ಗುಜರಾತಿಗೆ ತಂದ ಪುಸ್ತಕವು ಇವರದೇ. ರಸ್ಕಿನ್ನರು 1849ರ ನವೆಂಬರಿನಿಂದ ಮುಂದಿನ ಮಾರ್ಚಿಯವರೆಗೆ ವೆನಿಸ್ಸಿನಲ್ಲಿ ನಿಂತು, ಚಳಿಯನ್ನು ಲೆಕ್ಕಿಸದೆ ಕಂಬ ಕಮಾನುಗಳನ್ನು ಅಳೆದು, ಚಿತ್ರ ಬರೆದುಕೊಂಡು, 1851ರಿಂದ 1853ರ ವರೆಗೆ 'ವೆನಿಸ್ಸಿನ ಕಲ್ಲುಗಳು' ಎಂಬರ್ಥದ ಹೆಸರಿನ ಮೂರು ಸಂಪುಟಗಳನ್ನು ಪ್ರಕಟಿಸಿದರು. ಕಲ್ಲಿನ ಅಂದದಲ್ಲಿ ಅದನ್ನು ಕಡೆದವನ ಸ್ವಾತಂತ್ರ್ಯವನ್ನೂ ಸಂತೋಷವನ್ನೂ ಹುಡುಕುವುದು ಅವರ ಕ್ರಮ. ಅವರ ಸುಖವು ಶ್ರಮದಿಂದ ಪಡೆದ ಸುಖ.

ಎರಡನೆಯವರು ರಷ್ಯದ ಕವಿ ಜೋಸೆಫ್ ಬ್ರಾಡ್‌ಸ್ಕಿ. 1972ರಲ್ಲಿ ಸ್ವದೇಶದಿಂದ ಹೊರದೂಡಲ್ಪಟ್ಟ ಇವರು ಅದೇ ವರ್ಷದ ಚಳಿಗಾಲದಲ್ಲಿ ವೆನಿಸ್ಸಿಗೆ ಬಂದರು. ಅಮೆರಿಕದಲ್ಲಿ ಉಪಾಧ್ಯಾಯರಾಗಿದ್ದುಕೊಂಡು, ಕ್ರಿಸ್‌ಮಸ್ ರಜೆಯಲ್ಲಿ ಮತ್ತೆ ಮತ್ತೆ ಅಲ್ಲಿಗೇ ಹೋದರು. 1987ರಲ್ಲಿ ನೊಬೆಲ್ ಪಾರಿತೋಷಕವು ಇವರಿಗೆ ಸಂದಿತು. 1992ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಇವರ 'ವಾಟರ್‌ಮಾರ್ಕ್' ಎಂಬ ಕಿರುಹೊತ್ತಗೆಯು ಚಳಿಗಾಲದ ವೆನಿಸ್ಸಿನ ಸ್ತೋತ್ರವೆನ್ನಬಹುದಾದುದು. 1996ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಕವಿಯ ದೇಹಕ್ಕೆ ಕೊನೆಗೆ ವೆನಿಸ್ಸಿನ ಸ್ಮಶಾನದ್ವೀಪದಲ್ಲಿಯೇ ನೆಲೆ ದೊರೆಯಿತು.

ಈ ಪುಸ್ತಕದ ಗುಣವೇನೆಂದರೆ, ಅದು ಕಣ್ಣಿಗಿಂತ ಮೊದಲು ಮೂಗಿನಿಂದ ಆರಂಭವಾಗುತ್ತದೆ. ರಾತ್ರಿಯಲ್ಲಿ ನಿಲ್ದಾಣದಿಂದ ಹೊರಬಂದ ಕವಿಗೆ ಮೊದಲು ಎದುರಾಗುವುದು ಅರಮನೆಯಲ್ಲ. ಚಳಿಯಲ್ಲಿ ಹೆಪ್ಪುಗಟ್ಟುತ್ತಿರುವ ಕಡಲಪಾಚಿಯ ವಾಸನೆ. ಆ ವಾಸನೆಯೇ ಅವನಿಗೆ ಪರಮಸುಖ. ಮಂಜಿನ ದಟ್ಟತೆಯನ್ನು ಹೇಳುವಲ್ಲಿಯೂ ಹೀಗೆಯೇ: ಸಿಗರೇಟು ತರಲು ಹೊರಗೆ ಹೋದವನು ಮಂಜಿನಲ್ಲಿ ತನ್ನ ಮೈಯೇ ಕೊರೆದಿಟ್ಟ ಸುರಂಗದಲ್ಲಿ ಹಿಂದಿರುಗಬಹುದೆಂಬ ಅಭಿಪ್ರಾಯದ ಮಾತೊಂದಿದೆ. ಇದು ಬರಿಯ ಅತಿಶಯೋಕ್ತಿಯಲ್ಲ. ಆ ಮಂಜಿನೊಳಗೆ ನಡೆದಾಡಿದ ಮೈಯ ನೆನಪು.

ಈ ಸುಖದ ಮೂಲ ಯಾವುದು? ಬ್ರಾಡ್‌ಸ್ಕಿಯವರು ಹುಟ್ಟಿ ಬೆಳೆದುದು ಲೆನಿನ್‌ಗ್ರಾಡಿನಲ್ಲಿ, ಈಗ ಮರಳಿ ಸೇಂಟ್ ಪೀಟರ್ಸ್‌ಬರ್ಗ್ ಎನಿಸಿಕೊಂಡಿರುವ ಕಾಲುವೆಗಳ ನಗರದಲ್ಲಿ. ಮತ್ತೆಂದೂ ಕಾಣಲಾರದ ತನ್ನೂರಿನ ನೀರು ಪರವೂರಿನ ಚಳಿಯಲ್ಲಿ ಮೂಗಿಗೆ ಬಡಿಯಿತು. ವೆನಿಸ್ ಅವರಿಗೆ ರಸವಾದುದು ಹೀಗೆ. ತನ್ನ ನೀರನ್ನು ಬಲ್ಲವನಿಗೆ ಮಾತ್ರ ಪರರ ನೀರು ಅರ್ಥವಾಗುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ಹಾಗಾದರೆ ದೇವಸಮುದ್ರದ ವಾಚಕನು ಅನರ್ಹನೇನೂ ಅಲ್ಲ. ನೀರಿನ ಬೆಲೆಯನ್ನು ಅಭಾವದಿಂದ ಕಲಿತವರು ನಾವು. 1907ರಲ್ಲಿ ಮುಗಿದ ನಮ್ಮ ಜಿಲ್ಲೆಯ ಮಾರಿಕಣಿವೆಯ ವಾಣೀವಿಲಾಸಸಾಗರವು 1933ರಲ್ಲಿ ಒಮ್ಮೆ ತುಂಬಿ, ಅನಂತರ ಎಂಬತ್ತೊಂಬತ್ತು ವರ್ಷ ತುಂಬದೆ, 2022ರ ಸೆಪ್ಟೆಂಬರಿನಲ್ಲಿ ಮರಳಿ ಕೋಡಿಬಿದ್ದಾಗ ಜನರು ತಂಡತಂಡವಾಗಿ ನೋಡಲು ಹೋದರು. ನೀರು ಹರಿಯುವುದನ್ನು ಸುಮ್ಮನೆ ನಿಂತು ನೋಡುವುದೇ ಒಂದು ಹಬ್ಬವೆಂದು ತಿಳಿದವರಿಗೆ ವೆನಿಸ್ಸಿನ ಅರ್ಧ ಭಾಗ ಆಗಲೇ ತಿಳಿದಂತೆ. ಉಳಿದರ್ಧವು ನಮಗೆ ವಿಪರೀತವಾಗಿ ತೋರುವುದು. ಏಕೆಂದರೆ ನಾವು ಕಾಯುವ ನೀರಿಗೆ ಅವರು ಅಂಜುವರು. ಶರತ್ಕಾಲದಿಂದ ಚಳಿಗಾಲದವರೆಗೆ ಭರತವೂ ಆಗ್ನೇಯದ ಗಾಳಿಯೂ ಕೂಡಿದಾಗ ಕಡಲು ಊರೊಳಕ್ಕೆ ಏರುತ್ತದೆ. ಸೈರನ್ ಕೂಗುತ್ತದೆ, ಚೌಕಗಳಲ್ಲಿ ಹಲಗೆಯ ದಾರಿಗಳನ್ನು ಹಾಕುತ್ತಾರೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರು, 2019ರ ನವೆಂಬರ್ 12ರಂದು 187 ಸೆಂಟಿಮೀಟರು ನೀರೇರಿತ್ತು. 2020ರ ಅಕ್ಟೋಬರಿನಿಂದ ಮೂರು ಅಳಿವೆಗಳಲ್ಲಿಯೂ ಎತ್ತಿ ನಿಲ್ಲಿಸುವ ಉಕ್ಕಿನ ಬಾಗಿಲುಗಳು ಬಂದು ಆ ಭಯವನ್ನು ಎಷ್ಟೋ ತಗ್ಗಿಸಿವೆ.

ಬ್ರಾಡ್‌ಸ್ಕಿಯವರ ಪುಸ್ತಕದಲ್ಲಿ ಒಂದು ಕೊರತೆಯನ್ನು ಹೇಳದೆ ವಿಮರ್ಶೆ ಮುಗಿಯದು. ಅಲ್ಲಿ ಅಮೃತಶಿಲೆಗೆ ದೊರೆತ ಆದರವು ನೆಲಮಾಳಿಗೆಯ ಉಪ್ಪುನೀರನ್ನು ಮೊಗೆದು ಹೊರಚೆಲ್ಲುವ ನಿವಾಸಿಗೆ ದೊರೆತಿಲ್ಲ. ಚಳಿಗಾಲದಲ್ಲಿ ನಗರವು ಬರಿದಾಗಿರುವುದೇ ಸೊಗಸೆಂದು ಹಲವರು ಬರೆಯುವರು. ಆದರೆ ಆ ಬರಿದುತನವೆಲ್ಲವೂ ಪ್ರವಾಸಿಗಳು ಹೋದುದರಿಂದ ಬಂದುದಲ್ಲ. 1951ರಲ್ಲಿ ವೆನಿಸ್ಸಿನ ಹಳೆಯ ನಗರಭಾಗದಲ್ಲಿ 1,70,000ಕ್ಕೂ ಹೆಚ್ಚು ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ದೀಪವಿಲ್ಲದ ಕಿಟಕಿಗಳೆಲ್ಲವೂ ಮಂಜಿನ ಅಲಂಕಾರವಲ್ಲ.

ಇಲ್ಲಿ ಮತ್ತೊಬ್ಬ ವೆನಿಸ್ಸಿನವನ ನೆನಪಾಗುತ್ತದೆ. ಸೆಸಾರೆ ಫೆಡೆರೀಚಿ ಎಂಬ ವರ್ತಕನು ತಾಳಿಕೋಟೆಯ ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದನು. ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ; ಹುಲಿ ಮೊದಲಾದ ಮೃಗಗಳು ಅವುಗಳಲ್ಲಿ ವಾಸಿಸುವುವಂತೆ, ಎಂದು ಅವನು ಬರೆದಿಟ್ಟನು. ಅವನು ಆ ನಿರ್ಜನತೆಯನ್ನು ಸೊಗಸೆಂದು ಹೊಗಳಲಿಲ್ಲ. ನಮ್ಮ ಸೀಮೆಯಲ್ಲಿಯೂ ಮಳೆ ತಪ್ಪಿದ ವರ್ಷ ಜನರು ಗುಳೆ ಹೋಗುವುದುಂಟು. ಬೀಗ ಬಿದ್ದ ಬಾಗಿಲುಗಳ ಬೀದಿಯಲ್ಲಿ ಸಂಜೆ ನಡೆದವನು ಅದನ್ನು ಪ್ರಶಾಂತವೆಂದು ವರ್ಣಿಸಲಾರನು. ಅಲ್ಲಿ ನೀರು ಹೆಚ್ಚಾಗಿ, ಬಾಡಿಗೆ ಹೆಚ್ಚಾಗಿ ಮನೆ ತೊರೆದರು. ಇಲ್ಲಿ ನೀರಿಲ್ಲದೆ ತೊರೆಯುವರು. ಮುಚ್ಚಿದ ಬಾಗಿಲು ಎರಡು ಕಡೆಯೂ ಒಂದೇ.

ಆದುದರಿಂದ ಯೂರೋಪನ್ನು ಕಂಡುಬರುವ ನಮ್ಮ ಲೇಖಕರಲ್ಲಿ ಒಂದು ವಿನಂತಿ. ವೆನಿಸ್ಸನ್ನು ಸೂರತ್ತಾಗಿ ಮಾಡುವ ಅವಶ್ಯಕತೆ ಈಗ ಉಳಿದಿಲ್ಲ. ಅಮರಾವತಿಯಾಗಿ ಮಾಡುವುದೂ ಬೇಡ. ಸೇತುವೆಗಳ ಸಂಖ್ಯೆಯನ್ನು ಯಾವ ಕೈಪಿಡಿಯಾದರೂ ತಿಳಿಸುವುದು. ಪಾಚಿಯ ವಾಸನೆ, ಹಲಗೆಯ ಮೇಲೆ ನಡೆದ ಕಾಲಿನ ಚಳಿ, ದೀಪ ಹತ್ತದ ಕಿಟಕಿಯ ಹಿಂದೆ ಮೊದಲು ಯಾರಿದ್ದರೆಂಬ ವಿಚಾರಣೆ, ಇವನ್ನು ಬರೆದು ತರಲಿ. ಬರೆಯುವಾಗ ತಮ್ಮ ಊರಿನ ಕೆರೆಯನ್ನು ಮರೆಯದಿರಲಿ. ಸಮುದ್ರವನ್ನು ಹೆಸರಿನಲ್ಲಿ ಮಾತ್ರ ಬಲ್ಲ ಊರುಗಳಲ್ಲಿಯೂ ಅದನ್ನು ಓದಿ ಸಂತೋಷಪಡುವವರು ಇದ್ದಾರೆ.