ಬಾಲಕರ ಆಟ, ಹಿರಿಯರ ಹೊಣೆ: ೧೯೫೫ರ ಎರಡು ಬೇಸ್‌ಬಾಲ್ ಪ್ರಸಂಗಗಳ ಕಥನವನ್ನು ಕುರಿತು

೧

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೫೫ನೆಯ ಇಸವಿಯ ಬೇಸಗೆಯಲ್ಲಿ ನಡೆದ ಎರಡು ಪ್ರಸಂಗಗಳು ಈಚೆಗೆ ಮತ್ತೆ ಬೆಳಕಿಗೆ ಬಂದಿವೆ. ಒಂದು, ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ನಗರದ್ದು. ಮತ್ತೊಂದು, ಫ್ಲಾರಿಡದ ಆರ್ಲ್ಯಾಂಡೊ ನಗರದ್ದು. ಎರಡರಲ್ಲಿಯೂ ಹನ್ನೆರಡರ ಆಸುಪಾಸಿನ ಬಾಲಕರು ಬೇಸ್‌ಬಾಲ್ ಆಡಲು ಬಂದರು. ಎರಡರಲ್ಲಿಯೂ ಅವರ ಮೈಬಣ್ಣ ಅಡ್ಡ ಬಂದಿತು. ಮೊದಲನೆಯದನ್ನು ಕ್ರಿಸ್ ಲ್ಯಾಂಬ್ ಅವರು ‘ಸ್ಟೋಲನ್ ಡ್ರೀಮ್ಸ್’ ಎಂಬ ೨೦೨೨ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಎರಡನೆಯದಕ್ಕೆ ‘ಲಾಂಗ್ ಟೈಮ್ ಕಮಿಂಗ್’ ಎಂಬ ಸಾಕ್ಷ್ಯಚಿತ್ರ ಮೀಸಲಾಗಿದೆ. ಹೀಗೆ ಅರೆಮರೆತ ವೃತ್ತಾಂತಗಳು ಉಳಿದುಬಂದುದು ಸಂತೋಷದ ಸಂಗತಿ. ಆದರೆ ಸ್ಮರಣ ಸಮಾರಂಭಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇವು ಮರುಕಳಿಸುವಾಗ ಒಂದು ಗೊತ್ತಾದ ಜಾಡನ್ನು ಹಿಡಿಯುತ್ತವೆ. ಹಿರಿಯರು ಕೆಟ್ಟರು, ಮಕ್ಕಳು ನಿರ್ಮಲರಾಗಿ ಉಳಿದರು, ಕೊನೆಗೆ ಕಾಲವೇ ನ್ಯಾಯ ಕೊಟ್ಟಿತು ಎಂಬುದು ಆ ಜಾಡು. ಅದು ಎಷ್ಟರಮಟ್ಟಿಗೆ ಒಪ್ಪತಕ್ಕದ್ದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಲಿಟಲ್ ಲೀಗ್ ಎಂಬ ಬಾಲಕರ ಬೇಸ್‌ಬಾಲ್ ಸಂಸ್ಥೆಯನ್ನು ಕಾರ್ಲ್ ಸ್ಟಾಟ್ಸ್ ಎಂಬವರು ೧೯೩೯ರಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಆರಂಭಿಸಿದರು. ೧೯೪೭ರಿಂದ ಅಲ್ಲಿ ವರ್ಷವರ್ಷವೂ ಅಂತಿಮ ಪಂದ್ಯಾವಳಿ ನಡೆಯತೊಡಗಿತು. ಊರಿನಲ್ಲಿ ಗೆದ್ದ ತಂಡ ಸಂಸ್ಥಾನದ ಮಟ್ಟಕ್ಕೆ, ಅಲ್ಲಿ ಗೆದ್ದದ್ದು ಪ್ರದೇಶದ ಮಟ್ಟಕ್ಕೆ, ಆ ಮೇಲೆ ವಿಲಿಯಮ್ಸ್‌ಪೋರ್ಟಿಗೆ, ಮೆಟ್ಟಿಲು ಹೀಗೆ. ಹನ್ನೆರಡು ವರ್ಷ ದಾಟಿದವನಿಗೆ ಆಗ ಅದರಲ್ಲಿ ಸ್ಥಳವಿರಲಿಲ್ಲ. ಈ ವಯೋಮಿತಿಯನ್ನು ಓದುಗರು ನೆನಪಿನಲ್ಲಿಡಬೇಕು. ದೊಡ್ಡವರ ಆಟದಲ್ಲಿ ಈ ವರ್ಷ ತಪ್ಪಿದುದು ಮುಂದಿನ ವರ್ಷ ದೊರೆತೀತು; ಇಲ್ಲಿ ತಪ್ಪಿದುದು ತಪ್ಪಿದಂತೆಯೇ.

ಚಾರ್ಲ್ಸ್‌ಟನ್ನಿನ ಕ್ಯಾನನ್ ಸ್ಟ್ರೀಟ್ ವೈ.ಎಂ.ಸಿ.ಎ. ಕಪ್ಪು ಜನಾಂಗದ ಮಕ್ಕಳಿಗಾಗಿ ಲಿಟಲ್ ಲೀಗಿನ ಅಂಗವಾಗಿಯೇ ತಂಡಗಳನ್ನು ಕಟ್ಟಿತ್ತು. ಅವುಗಳಿಂದ ಆಯ್ದ ಬಾಲಕರ ತಂಡ ೧೯೫೫ರಲ್ಲಿ ಪಂದ್ಯಾವಳಿಗೆ ಹೆಸರು ಕೊಟ್ಟಿತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ. ಆ ತೀರ್ಪಿನೊಳಗೆ ಸೇರಿದ ಐದು ವ್ಯಾಜ್ಯಗಳಲ್ಲಿ ಒಂದು ದಕ್ಷಿಣ ಕೆರೊಲಿನದ್ದೇ. ಬಿಳಿಯರ ಸಮಾಜ ಕೆರಳಿದ್ದ ಕಾಲವದು. ಸಂಸ್ಥಾನದ ಲಿಟಲ್ ಲೀಗ್ ನಿರ್ದೇಶಕ ಡ್ಯಾನಿ ಜೋನ್ಸ್ ಅವರು ಬಿಳಿಯ ತಂಡಗಳಿಗೇ ಪ್ರತ್ಯೇಕ ಪಂದ್ಯಾವಳಿ ಬೇಕೆಂದರು. ಲಿಟಲ್ ಲೀಗಿನ ಅಧ್ಯಕ್ಷ ಪೀಟರ್ ಮೆಕ್‌ಗವರ್ನ್ ಅವರು ಇದಕ್ಕೆ ಒಪ್ಪಲಿಲ್ಲ. ಆಗ ಬಿಳಿಯರ ೬೧ ತಂಡಗಳೂ ಹಿಂದೆ ಸರಿದುವು. ಜೋನ್ಸ್ ಅವರು ರಾಜೀನಾಮೆಯಿತ್ತು ಬಿಳಿಯ ಬಾಲಕರಿಗೆ ಮಾತ್ರವೇ ಒಂದು ಬೇರೆ ಸಂಸ್ಥೆಯನ್ನು ಕಟ್ಟಿದರು. ಮುಂದೆ ಡಿಕ್ಸಿ ಯೂತ್ ಬೇಸ್‌ಬಾಲ್ ಎಂಬ ಹೆಸರಿನಿಂದ ದಕ್ಷಿಣದ ಸಂಸ್ಥಾನಗಳಲ್ಲಿ ಹರಡಿದುದು ಇದೇ.

ಎದುರಾಳಿಗಳಿಲ್ಲದೆ ಕ್ಯಾನನ್ ಸ್ಟ್ರೀಟ್ ತಂಡ ಒಂದು ಚೆಂಡನ್ನೂ ಎಸೆಯದೆ ಸಂಸ್ಥಾನದ ವಿಜೇತ ತಂಡವಾಯಿತು. ನಮ್ಮ ಮೈದಾನಗಳಲ್ಲಿ ‘ವಾಕೋವರ್’ ಎನ್ನುವುದು ಇದನ್ನೇ. ಇನ್ನು ಜಾರ್ಜಿಯದ ರೋಮ್ ನಗರದಲ್ಲಿ ಪ್ರಾದೇಶಿಕ ಪಂದ್ಯಗಳಾಗಬೇಕಿತ್ತು. ಅಷ್ಟರಲ್ಲಿ ಮೇಲಿನ ಕಚೇರಿಯಿಂದ ನಿರ್ಣಯ ಬಂದಿತು: ಆಡಿ ಗೆಲ್ಲದೆ ಮೇಲೇರಿದ ತಂಡ ಮುಂದಿನ ಹಂತಕ್ಕೆ ಅರ್ಹವಲ್ಲ. ಬದಲಿಗೆ ಬಾಲಕರನ್ನು ವಿಲಿಯಮ್ಸ್‌ಪೋರ್ಟಿಗೆ ಅತಿಥಿಗಳೆಂದು ಬರಮಾಡಿಕೊಂಡರು. ಅವರು ಅಂತಿಮ ಪಂದ್ಯಕ್ಕೆ ಮುಂಚೆ ಮೈದಾನದಲ್ಲಿ ಸ್ವಲ್ಪ ಹೊತ್ತು ಅಭ್ಯಾಸ ಮಾಡಿದರು. ಬಳಿಕ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಇತರರ ಆಟವನ್ನು ನೋಡಿದರು. ‘ಅವರನ್ನೂ ಆಡಗೊಡಿ’ ಎಂದು ಜನ ಕೂಗಿದುದನ್ನು ಅವರಲ್ಲಿ ಹಲವರು ಇಳಿವಯಸ್ಸಿನಲ್ಲಿಯೂ ನೆನೆದಿದ್ದಾರೆ. ಆ ಪಂದ್ಯ ಮುಗಿದು ವಾರ ಕಳೆಯುವ ಮೊದಲೇ, ಆಗಸ್ಟ್ ೨೮ರಂದು, ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಬಾಲಕನನ್ನು ಮಿಸಿಸಿಪಿಯಲ್ಲಿ ಬಿಳಿಯರು ಕೊಂದರು. ಆಟದ ಬಯಲಿನ ಅಪಮಾನಕ್ಕೂ ಆ ಕೊಲೆಗೂ ತೂಕದಲ್ಲಿ ಅಂತರ ಬಹಳ. ಆದರೆ ಬಾಲಕರು ಬೆಳೆಯುತ್ತಿದ್ದ ವಾತಾವರಣ ಒಂದೇ.

೩

ಈ ವೃತ್ತಾಂತದಲ್ಲಿ ಜೋನ್ಸ್ ಮತ್ತು ಅವರ ಸಂಗಡಿಗರ ಅಪರಾಧ ಸ್ಪಷ್ಟ. ಅದನ್ನು ಹೇಳಲು ವಿಮರ್ಶೆ ಬೇಡ. ನಿಜವಾದ ಕಠಿನ ಪ್ರಶ್ನೆ ಇರುವುದು ಮೆಕ್‌ಗವರ್ನ್ ಅವರ ನಡವಳಿಕೆಯಲ್ಲಿ. ಅವರು ವರ್ಣಭೇದವನ್ನು ಒಪ್ಪಲಿಲ್ಲ. ಒಂದು ಸಂಸ್ಥಾನವೇ ಕೈಬಿಟ್ಟುಹೋಗುವುದನ್ನು ಕಂಡೂ ಪ್ರತ್ಯೇಕ ಪಂದ್ಯಾವಳಿಗೆ ಅನುಮತಿ ಕೊಡಲಿಲ್ಲ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅಂಥವರೇ ಮರುಗಳಿಗೆಯಲ್ಲಿ ನಿಯಮದ ಪುಸ್ತಕವನ್ನು ತೆರೆದರು. ನಿಯಮ ಎಲ್ಲರಿಗೂ ಒಂದೇ, ಅದರಲ್ಲಿ ಬಣ್ಣದ ಮಾತಿಲ್ಲ ಎಂದು ಅವರ ಪರವಾಗಿ ಹೇಳಬಹುದು. ಈ ವಾದವನ್ನು ಹಗುರವಾಗಿ ತಳ್ಳಲಾಗದು. ನಿಯಮವಿಲ್ಲದೆ ಆಟವೇ ಇಲ್ಲ.

ಆದರೆ ನಿಯಮವೊಂದು ಯಾವ ಸಂದರ್ಭಕ್ಕಾಗಿ ಹುಟ್ಟಿತೆಂಬುದನ್ನು ನೋಡಬೇಡವೇ? ಆಡದೆ ಬಂದ ಗೆಲುವಿಗೆ ಮಿತಿ ಹಾಕುವುದರ ತಾತ್ಪರ್ಯವಿಷ್ಟೆ: ಮೇಲಿನ ಹಂತಕ್ಕೆ ಬರುವ ತಂಡ ತನ್ನ ಬಲವನ್ನು ತೋರಿಸಿಯೇ ಬರಲಿ. ಎದುರಾಳಿಯ ಗೈರುಹಾಜರಿ ಆಕಸ್ಮಿಕವೆಂದು ಅದು ಭಾವಿಸುತ್ತದೆ. ಗೈರುಹಾಜರಿಯೇ ಅಸ್ತ್ರವಾದಲ್ಲಿ ಆ ಭಾವನೆ ಮುರಿದುಬೀಳುತ್ತದೆ. ಅಂಥಲ್ಲಿ ನಿಯಮವನ್ನು ಅಕ್ಷರಶಃ ನಡೆಸಿದರೆ ಓಡಿಹೋದವರ ಇಷ್ಟಾರ್ಥವೇ ನೆರವೇರುತ್ತದೆ. ಕಪ್ಪು ಬಾಲಕರು ಆಡಕೂಡದೆಂದು ೬೧ ತಂಡಗಳ ಹಿರಿಯರು ಬಯಸಿದರು, ಅವರು ಆಡಲಿಲ್ಲ. ದ್ವೇಷವಿಲ್ಲದ ಕೈಯೊಂದು ದ್ವೇಷದ ಕೆಲಸವನ್ನು ಪೂರ್ತಿಮಾಡಿಕೊಟ್ಟಿತು. ಮೆಕ್‌ಗವರ್ನ್ ಅವರು ತೋರಿದ ಆತಿಥ್ಯವೂ ಈ ದೃಷ್ಟಿಯಿಂದ ನೋವನ್ನು ಹೆಚ್ಚಿಸಿತೆಂದೇ ನಾವು ತಿಳಿಯುತ್ತೇವೆ: ತಮ್ಮದಾಗಬಹುದಾಗಿದ್ದ ಮೈದಾನವನ್ನು ಮಕ್ಕಳು ಹತ್ತಿರದಿಂದ ನೋಡಿ ಬಂದರು.

೪

ಅದೇ ಬೇಸಗೆಯ ಫ್ಲಾರಿಡ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತು ಇನ್ನಷ್ಟು ತಿಳಿಯಾಗುತ್ತದೆ. ಪೆನ್ಸಕೋಲ ಜೇಸೀಸ್ ಎಂಬ ಕಪ್ಪು ಬಾಲಕರ ತಂಡ ತನ್ನ ನೆರೆಯ ಬಿಳಿಯ ತಂಡಗಳು ಆಡಲೊಲ್ಲದ ಕಾರಣ ಇದೇ ಬಗೆಯ ವಾಕೋವರ್‌ನಿಂದ ಸಂಸ್ಥಾನದ ಪಂದ್ಯಾವಳಿಗೆ ಬಂದಿತ್ತು. ಆದರೂ ಅಲ್ಲಿ ಅದಕ್ಕೆ ಆಡುವ ಅವಕಾಶ ದೊರೆಯಿತು. ೧೯೫೫ರ ಆಗಸ್ಟ್ ೯ರಂದು ಆರ್ಲ್ಯಾಂಡೊ ಕಿವಾನಿಸ್ ಎಂಬ ಬಿಳಿಯ ಬಾಲಕರ ತಂಡ ಅದರೊಡನೆ ಆಡಿ ೫–೦ ಅಂತರದಿಂದ ಗೆದ್ದಿತು. ಹಂತ ಬೇರೆಯಾದುದರಿಂದ ನಿಯಮವೂ ಬೇರೆಯೆಂದು ಹೇಳಬಹುದು, ಇರಬಹುದು. ಆದರೆ ಆಡದೆ ಬಂದ ತಂಡವನ್ನು ಆಡಿಸಿದ್ದರಿಂದ ಆಟಕ್ಕೆ ಯಾವ ಕೇಡೂ ತಟ್ಟಲಿಲ್ಲವೆಂಬುದಕ್ಕೆ ಅದೇ ಸಂಸ್ಥೆಯ ಅದೇ ವರ್ಷದ ಈ ಪಂದ್ಯವೇ ಸಾಕ್ಷಿ. ಪೆನ್ಸಕೋಲದ ಬಾಲಕರು ಸೋತರು. ಆದರೆ ಆಡಿ ಸೋತರು. ಚಾರ್ಲ್ಸ್‌ಟನ್ನಿನ ಬಾಲಕರಿಗೆ ಸೋಲುವ ಭಾಗ್ಯವೂ ಇರಲಿಲ್ಲ.

ಇಷ್ಟರಿಂದ ಆರ್ಲ್ಯಾಂಡೊ ಪ್ರಸಂಗವನ್ನು ನಿರ್ದೋಷವಾದ ಆದರ್ಶವೆಂದು ಎತ್ತಿಹಿಡಿಯಲೂ ನಮಗೆ ಮನಸ್ಸು ಬಾರದು. ಆಡುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಅಲ್ಲಿ ಬಿಳಿಯ ಬಾಲಕರ ಮುಂದೆಯೇ ಇಡಲಾಯಿತು, ಅವರು ಆಡುವೆವೆಂದರು. ಕಥನಕಾರರಿಗೆ ಪ್ರಿಯವಾದ ಘಟ್ಟ ಇದು. ‘ಮಕ್ಕಳಿಗೆ ಬಣ್ಣದ ಗೊಡವೆಯಿಲ್ಲ’ ಎಂಬ ಸಮಾಧಾನ ಇಲ್ಲಿಂದ ಹೊರಡುತ್ತದೆ. ಆ ಬಾಲಕರ ಉತ್ತರ ಮೆಚ್ಚತಕ್ಕದ್ದೇ. ಆದರೆ ಪ್ರಶ್ನೆಯನ್ನು ಅವರಿಗೆ ಏಕೆ ಹಾಕಬೇಕಾಗಿತ್ತು? ಇನ್ನೊಬ್ಬ ಬಾಲಕನಿಗೆ ಆಡುವ ಹಕ್ಕುಂಟೋ ಇಲ್ಲವೋ ಎಂಬುದು ಹನ್ನೆರಡು ವರ್ಷದವರು ಮತ ಹಾಕಿ ತೀರ್ಮಾನಿಸುವ ವಿಷಯವಲ್ಲ. ಅವರು ಒಲ್ಲೆವೆಂದಿದ್ದರೆ ಆ ಪಾಪ ಯಾರ ತಲೆಗೆ ಬರುತ್ತಿತ್ತು? ಮಕ್ಕಳ ನಿರ್ಮಲತೆಯನ್ನು ಹೊಗಳುವ ನೆಪದಲ್ಲಿ ಹಿರಿಯರು ತಮ್ಮ ಹೊಣೆಯನ್ನು ಮಕ್ಕಳ ಹೆಗಲಿಗೆ ದಾಟಿಸುವುದುಂಟು. ಚಾರ್ಲ್ಸ್‌ಟನ್ ಪ್ರಸಂಗದಲ್ಲಿ ಅವರು ನಿಯಮದ ಮರೆಗೆ ಹೋದರು, ಆರ್ಲ್ಯಾಂಡೊ ಪ್ರಸಂಗದಲ್ಲಿ ಮಕ್ಕಳ ಮರೆಗೆ. ಫಲ ಒಂದೆಡೆ ಕೆಟ್ಟದಾಯಿತು, ಒಂದೆಡೆ ಒಳ್ಳೆಯದಾಯಿತು. ಒಳ್ಳೆಯದಾದುದು ಹಿರಿಯರ ಪುಣ್ಯದಿಂದಲ್ಲ.

೫

ಇನ್ನು ಕಾಲ ಕೊಟ್ಟ ನ್ಯಾಯವೆಂಬ ಮಾತು. ೧೯೯೦ರ ದಶಕದಲ್ಲಿ ಚಾರ್ಲ್ಸ್‌ಟನ್ನಿನ ಗಸ್ ಹೋಲ್ಟ್ ಎಂಬವರು ತಮ್ಮ ಮಗನ ಆಟದ ಸಮವಸ್ತ್ರದ ಮೇಲೆ, ಗುಲಾಮಗಿರಿಯ ಪರವಾಗಿ ಹೋರಾಡಿದ ದಕ್ಷಿಣದ ಒಕ್ಕೂಟದ ಧ್ವಜವನ್ನು ಕಂಡು, ಅದು ಎಲ್ಲಿಂದ ಬಂದಿತೆಂದು ಹುಡುಕಿದರು. ಹುಡುಕಾಟ ಅವರನ್ನು ೧೯೫೫ಕ್ಕೆ ಕರೆದೊಯ್ಯಿತು. ಅವರ ಹಟದಿಂದಲೇ ಈ ತಂಡದ ಹೆಸರು ಮತ್ತೆ ಕೇಳಿಬಂದಿತು. ೨೦೦೨ರಲ್ಲಿ ಲಿಟಲ್ ಲೀಗ್ ಆ ಹಳೆಯ ಆಟಗಾರರನ್ನು ವಿಲಿಯಮ್ಸ್‌ಪೋರ್ಟಿಗೆ ಕರೆಸಿ ಸಂಸ್ಥಾನದ ವಿಜೇತರೆಂಬ ಪತಾಕೆಯನ್ನು ಕೊಟ್ಟಿತು. ಆ ವೇಳೆಗೆ ಅವರು ಅರುವತ್ತರ ಸಮೀಪದಲ್ಲಿದ್ದರು. ಇದನ್ನು ಕಾಲದ ನ್ಯಾಯವೆನ್ನುವುದು ಸರಿಯಲ್ಲ. ೪೭ ವರ್ಷ ಕಾಲ ಸುಮ್ಮನೆಯೇ ಇದ್ದಿತು. ಕೆಲಸ ಮಾಡಿದವನು ಒಬ್ಬ ತಂದೆ. ಹಿರಿಯನೊಬ್ಬ ಹೊಣೆಯನ್ನು ಯಾರಿಗೂ ದಾಟಿಸದೆ ತಾನೇ ಹೊತ್ತ ನಿದರ್ಶನ ಈ ಇಡೀ ವೃತ್ತಾಂತದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಇದೊಂದೇ.

ಲ್ಯಾಂಬ್ ಅವರ ಗ್ರಂಥವನ್ನೂ ಆ ಸಾಕ್ಷ್ಯಚಿತ್ರವನ್ನೂ ನಮ್ಮ ವಿದ್ಯಾರ್ಥಿಗಳು ಪರಿಚಯಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಆದರೆ ಮಕ್ಕಳ ಮಾತಿಗೆ ಕಣ್ಣು ಒದ್ದೆಯಾಗುವಲ್ಲಿ ನಿಲ್ಲದೆ, ಪ್ರತಿಯೊಂದು ಘಟ್ಟದಲ್ಲಿಯೂ ನಿರ್ಧಾರ ಮಾಡುವ ಅಧಿಕಾರ ಯಾರ ಕೈಯಲ್ಲಿತ್ತು, ಅವರು ಅದನ್ನು ಯಾರಿಗೆ ದಾಟಿಸಿದರು ಎಂದು ಕೇಳಿಕೊಳ್ಳುತ್ತ ನೋಡಬೇಕು. ಓದುಗರಲ್ಲಿ ಅನೇಕರು ಕಾಲೇಜುಗಳ ಕ್ರೀಡಾಸಮಿತಿಗಳಲ್ಲಿ ಇರುವವರು. ಆಟಗಾರರ ಪಟ್ಟಿಗೆ ರುಜು ಹಾಕುವವರು, ತಕರಾರು ಬಂದಾಗ ನಿಯಮದ ಪುಸ್ತಕ ತೆರೆಯುವವರು. ಒಬ್ಬ ಹುಡುಗನನ್ನು ಹೊರಗಿಡಲು ಇತರರು ಹೂಡಿದ ಹಂಚಿಕೆ ತಮ್ಮ ರುಜುವಿನಿಂದ ಊರ್ಜಿತವಾಗುತ್ತಿದೆಯೇ ಎಂದು ಅಂಥ ಗಳಿಗೆಯಲ್ಲಿ ಅವರು ಒಮ್ಮೆ ನೋಡಿಕೊಂಡರೆ, ಚಾರ್ಲ್ಸ್‌ಟನ್ನಿನ ಬಾಲಕರ ಕಥೆಯನ್ನು ಓದಿದುದು ಸಾರ್ಥಕ.