ಟ್ರೊಂಡ್‌ಹೈಮ್‌ನ ಚಾವಣಿ, ಕಲ್ಯಾಣದ ಬಿಸಿಲು

ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಇಟ್ಟರು. ಏಳೂವರೆ ಎಕರೆ ಜಾಗ, 500 ಕೋಟಿ ರೂಪಾಯಿಯ ಅಂದಾಜು, ಕಲ್ಯಾಣ ಚಾಲುಕ್ಯ ಶೈಲಿಯ ಆರು ಅಂತಸ್ತು, 770 ಕಂಬ, ಅಷ್ಟೇ ಆಸನಗಳ ಸಭಾಂಗಣ, ನೆತ್ತಿಯ ಮೇಲೆ ಶಿವಲಿಂಗ. ಆಗ ಪತ್ರಿಕೆಗಳಲ್ಲಿ ಬಂದ ಪಟ್ಟಿಯಲ್ಲಿ ಗ್ರಂಥಾಲಯವಿತ್ತು, ಸಂಶೋಧನಾ ಕೇಂದ್ರವಿತ್ತು, ನೀರಿನ ಸಂರಕ್ಷಣೆಯ ವ್ಯವಸ್ಥೆ, ಚಾವಣಿಯ ಮೇಲಿನ ತೋಟ, ರೋಬೊ ತಂತ್ರಜ್ಞಾನ ಕೂಡ ಇದ್ದವು. ಇಷ್ಟು ದೊಡ್ಡ ಕಟ್ಟಡ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆ ಎಂಬ ಒಂದು ಅಂಕಿ ಮಾತ್ರ ಇರಲಿಲ್ಲ. ಮಂಟಪದ ಶೈಲಿಯ ಬಗ್ಗೆ, ವೆಚ್ಚದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅದರೊಳಗಿನ ಗ್ರಂಥಾಲಯ ಮತ್ತು ಸಂಶೋಧನಾ ಕೇಂದ್ರದ ಚಿಂತೆ. ವಿಶ್ವವಿದ್ಯಾಲಯದ ಮಟ್ಟದ ಓದು-ಬರಹ ನಡೆಯಬೇಕಾದ ಆ ಜಾಗವನ್ನು, ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುವ ಕಟ್ಟಡವಾಗಿ ಕಟ್ಟಲು ಸಾಧ್ಯವಿತ್ತೇ ಎಂಬುದೇ ಇಲ್ಲಿನ ಪ್ರಶ್ನೆ.

ಇಂಥ ಕಟ್ಟಡಗಳ ಶಾಸ್ತ್ರ ಬಹುಮಟ್ಟಿಗೆ ಬೆಳೆದದ್ದು ಚಳಿ ದೇಶಗಳಲ್ಲಿ. ಈಗ ಅದರ ಅತ್ಯುತ್ತಮ ಮಾದರಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿರುವ ಜೆಡ್‌ಇಬಿ (ಶೂನ್ಯ ಹೊರಸೂಸುವಿಕೆಯ ಕಟ್ಟಡ) ಪ್ರಯೋಗಾಲಯ ಎಂದು ನನ್ನ ಎಣಿಕೆ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ ಎನ್‌ಟಿಎನ್‌ಯು ಮತ್ತು ಸಿಂಟೆಫ್ ಎಂಬ ಸಂಶೋಧನಾ ಸಂಸ್ಥೆ ಕೂಡಿ 2020–21ರ ಹೊತ್ತಿಗೆ ಕಟ್ಟಿ ಮುಗಿಸಿದ ನಾಲ್ಕಂತಸ್ತಿನ ಮರದ ಕಟ್ಟಡ ಅದು. ಅಲ್ಲಿ ಕೂತು ಕೆಲಸ ಮಾಡುವ ಸಂಶೋಧಕರೇ ಪ್ರಯೋಗದ ವಸ್ತುವೂ ಹೌದು. ಕಿಟಕಿ ತೆರೆದರೆ, ಶಾಖ ಹೆಚ್ಚಿಸಿದರೆ ಎಲ್ಲ ದಾಖಲಾಗುತ್ತದೆ. ಹೊರಗೋಡೆಯ ಭಾಗಗಳನ್ನು ಕಳಚಿ ಬೇರೆ ಕೂರಿಸಬಹುದು. ಉಳಿದ ಶಾಖವನ್ನು ಮೇಣದಂಥ ವಸ್ತುವಿನಲ್ಲಿ ಕರಗಿಸಿಟ್ಟು, ಬೇಕಾದಾಗ ಅದು ಗಟ್ಟಿಯಾಗುವಾಗ ಬಿಡುವ ಶಾಖವನ್ನು ವಾಪಸು ಪಡೆಯುತ್ತಾರೆ. ಇಡೀ ಚಾವಣಿ ದಕ್ಷಿಣಕ್ಕೆ ಒಂದೇ ಇಳಿಜಾರಾಗಿ ಬಾಗಿದೆ, ಅದರ ತುಂಬ ಸೌರಫಲಕ.

ನಾನು ಮೆಚ್ಚುವುದು ಈ ಯಂತ್ರಗಳಿಗಿಂತ ಅಲ್ಲಿನ ಲೆಕ್ಕದ ನಿಷ್ಠುರತೆಯನ್ನು. ದೀಪ, ಕಂಪ್ಯೂಟರು, ಶಾಖಕ್ಕೆ ಹೋಗುವ ಖರ್ಚನ್ನು ಸರಿದೂಗಿಸಿದರೆ ಸಾಲದು. ಗೋಡೆ, ತೊಲೆ, ಗಾಜು ತಯಾರಿಸುವಾಗ ಮತ್ತು ಕಟ್ಟುವಾಗ ಹೊರಬಿದ್ದ ಇಂಗಾಲವನ್ನೂ ಚಾವಣಿಯ ಕರೆಂಟು ತೀರಿಸಬೇಕು, ಅದೂ 60 ವರ್ಷದ ಲೆಕ್ಕದಲ್ಲಿ. ನಮ್ಮಲ್ಲಿ ಚಾವಣಿಗೆ ನಾಲ್ಕು ಫಲಕ ಹಾಕಿ ಹಸಿರು ಕಟ್ಟಡ ಎಂದು ಬೋರ್ಡು ತೂಗಿಸುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆದರೆ ಅಲ್ಲಿಯೂ ಒಂದು ಸಂಗತಿಯನ್ನು ಮೆಲ್ಲಗೆ ದಾಟಿಸಿದ್ದಾರೆ. ಟ್ರೊಂಡ್‌ಹೈಮ್ ಇರುವುದು 63 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಮೂರು ಡಿಗ್ರಿ ಮೇಲೆ ಏರಿದರೆ ದೊಡ್ಡದು. ಕಟ್ಟಡಕ್ಕೆ ಶಾಖ ಹೆಚ್ಚು ಬೇಕಾದ ತಿಂಗಳಲ್ಲಿ ಚಾವಣಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಹೆಚ್ಚಾದದ್ದನ್ನು ಜಾಲಕ್ಕೆ ಕೊಟ್ಟು, ಚಳಿಗಾಲದಲ್ಲಿ ಜಲವಿದ್ಯುತ್ತನ್ನು ಜಾಲದಿಂದ ಪಡೆದು, ವರ್ಷದ ಕೊನೆಗೆ ಜಮಾ-ಖರ್ಚು ಸರಿಹೋಯಿತು ಎನ್ನುತ್ತಾರೆ. ನಡುವಿನ ಹೊರೆ ಹೊರುವುದು ನಾರ್ವೆಯ ಅಣೆಕಟ್ಟುಗಳು.

ಇದನ್ನು ಬಸವಕಲ್ಯಾಣದ ಪಕ್ಕದಲ್ಲಿಟ್ಟು ನೋಡಿ. ನಮ್ಮ ಊರು ಸುಮಾರು 18 ಡಿಗ್ರಿಯಲ್ಲಿದೆ. ಡಿಸೆಂಬರ್ 21ರ ನಡುಹಗಲಲ್ಲಿ ಇಲ್ಲಿ ಸೂರ್ಯ 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಟ್ರೊಂಡ್‌ಹೈಮ್‌ನಲ್ಲಿ ಕಡುಬೇಸಿಗೆಯ ಜೂನ್ 21ಕ್ಕೆ ಏರುವ ಗರಿಷ್ಠ ಎತ್ತರ 50 ಡಿಗ್ರಿ. ಅಂದರೆ ನಮ್ಮ ವರ್ಷದ ಅತಿ ಬಡ ನಡುಹಗಲ ಬಿಸಿಲು ಅವರ ಅತಿ ಶ್ರೀಮಂತ ನಡುಹಗಲ ಬಿಸಿಲಿಗೆ ಹೆಚ್ಚುಕಡಿಮೆ ಸಮ. ಜೊತೆಗೆ ಇಲ್ಲಿ ಕರೆಂಟು ಹೆಚ್ಚು ಬೇಕಾಗುವುದು ಏಪ್ರಿಲ್-ಮೇ ಮಧ್ಯಾಹ್ನ, ಚಾವಣಿ ಹೆಚ್ಚು ಕೊಡುವುದೂ ಬಹುಮಟ್ಟಿಗೆ ಆಗಲೇ. ನಾರ್ವೆಯವರು ಹೊಂದಿಸಲು ಒದ್ದಾಡುವ ಬೇಡಿಕೆ-ಪೂರೈಕೆಯನ್ನು ಬೀದರ್ ಜಿಲ್ಲೆಗೆ ಆಕಾಶವೇ ಹೊಂದಿಸಿ ಕೊಟ್ಟಿದೆ.

ಇಷ್ಟಿದ್ದೂ ಆರಂತಸ್ತಿನ ಕಟ್ಟಡ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುವುದು ಸಾಧ್ಯವಾಗುವುದಿಲ್ಲ. ಕಾರಣ ಸೀದಾ ಗುಣಾಕಾರ-ಭಾಗಾಕಾರ. ಒಂದು ಕಿಲೋವಾಟ್ ಫಲಕಕ್ಕೆ ನೆರಳಿಲ್ಲದ 10 ಚದರ ಮೀಟರ್ ಚಾವಣಿ ಬೇಕು. ಅದು ನಮ್ಮ ಕಡೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ನೀರಿನ ಟ್ಯಾಂಕು, ಲಿಫ್ಟಿನ ಕೋಣೆ, ಓಡಾಡುವ ಜಾಗ ಕಳೆದು ಚಾವಣಿಯ ನೂರಕ್ಕೆ 60 ಭಾಗ ಸಿಕ್ಕಿತು ಎನ್ನಿ. ಆಗ ಒಂದು ಚದರ ಮೀಟರ್ ಚಾವಣಿಗೆ ವರ್ಷಕ್ಕೆ 88 ಯೂನಿಟ್ ದಕ್ಕುತ್ತದೆ. ಕೆಳಗೆ ಒಂದೇ ಅಂತಸ್ತಿದ್ದರೆ ಅಷ್ಟೂ ಅದರದೇ. ಎರಡಿದ್ದರೆ ಚದರ ಮೀಟರಿಗೆ 44. ಆರಿದ್ದರೆ 15ಕ್ಕೂ ಕಡಿಮೆ. ಇಂಧನ ದಕ್ಷತಾ ಬ್ಯೂರೊ, ಎಂದರೆ ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸುವ ಅದೇ ಬಿಇಇ, ಮಿಶ್ರ ಹವೆಯ ಪ್ರದೇಶದ ಎ.ಸಿ. ಕಚೇರಿಗೆ ಐದು ನಕ್ಷತ್ರ ಕೊಡಲು ಹಾಕಿದ ಗೆರೆಯೇ ಚದರ ಮೀಟರಿಗೆ 90 ಯೂನಿಟ್. ಹದಿನೈದು ಯೂನಿಟ್‌ನಲ್ಲಿ ಲಿಫ್ಟು, ದೀಪ, ಸಭಾಂಗಣ, ರೋಬೊ ಎಲ್ಲ ನಡೆಯಬೇಕು! ಅದರ ಮೇಲೆ ಶಿಖರ, ಶಿವಲಿಂಗ, ತೋಟ ಚಾವಣಿಯನ್ನು ಆಕ್ರಮಿಸಿದರೆ ಫಲಕಕ್ಕೆ ಜಾಗವಾದರೂ ಎಲ್ಲಿ?

ದೆಹಲಿಯ ಇಂದಿರಾ ಪರ್ಯಾವರಣ ಭವನ ಇದೇ ಇಕ್ಕಟ್ಟಿಗೆ ಸಿಕ್ಕಿತ್ತು. 2014ರಲ್ಲಿ ತೆರೆದ ಆ ಬಹುಮಹಡಿ ಸರ್ಕಾರಿ ಕಟ್ಟಡಕ್ಕೆ 930 ಕಿಲೋವಾಟ್ ಫಲಕ ಬೇಕಾಯಿತು. ಚಾವಣಿ ಸಾಲದೆ ಫಲಕಗಳ ಚೌಕಟ್ಟನ್ನು ಗೋಡೆಯಾಚೆಗೂ ಚಾಚಿದರು. ತಾಂತ್ರಿಕವಾಗಿ ಅದು ದೊಡ್ಡ ಸಾಧನೆ, ಒಪ್ಪೋಣ. ಆದರೆ ಏಳೂವರೆ ಎಕರೆ ಬಯಲು ಇರುವಲ್ಲಿ ಅಂಥ ಸರ್ಕಸ್ಸು ಯಾಕೆ? ಅಂತಸ್ತು ಎಷ್ಟು, ಅಗಲ ಎಷ್ಟು, ಮುಖ ಯಾವ ಕಡೆ ಎಂದು ನಕ್ಷೆಯ ಮೊದಲ ಹಾಳೆಯಲ್ಲಿ ಎಳೆದ ಗೆರೆಗಳೇ ಎಲ್ಲವನ್ನೂ ತೀರ್ಮಾನಿಸಿಬಿಡುತ್ತವೆ. ಫಲಕದ ಮಾತು ಆಮೇಲಿನದು.

ಶೈಲಿಯ ಮಾತು ಇಲ್ಲಿಗೆ ತಾನಾಗಿ ಬಂತು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇಗುಲಕ್ಕೆ ಹೋದವರೆಲ್ಲ ಮದನಿಕೆಯರನ್ನು ನೋಡಿ ಬರುತ್ತಾರೆ. ಅವರ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಕಲ್ಲಿನ ಅಂಚು, ದಪ್ಪ ಗೋಡೆ, ಒಳಗಿನ ತಂಪು ಇವನ್ನೂ ನೋಡಬೇಕು. ಕಲ್ಯಾಣ ಚಾಲುಕ್ಯರ ಕಟ್ಟಡ ನೆಲಕ್ಕೆ ಹತ್ತಿ ಹರಡಿಕೊಳ್ಳುವ ಜಾತಿಯದು. ಅದರ ಕಂಬ, ಕೆತ್ತನೆಯನ್ನು ಮಾತ್ರ ತೆಗೆದು ಆರಂತಸ್ತಿನ ಕಾಂಕ್ರೀಟಿಗೆ ತೊಡಿಸಿದರೆ ಉಡುಗೆ ಬಂದೀತು, ಕಟ್ಟುವ ಬುದ್ಧಿ ಬರುವುದಿಲ್ಲ. ಇದೇ ಕಲ್ಯಾಣದಲ್ಲಿ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಮುಗಿಸಿದ ‘ಮಾನಸೋಲ್ಲಾಸ’ ಅರಸನ ಇಪ್ಪತ್ತು ಉಪಭೋಗಗಳಲ್ಲಿ ಮೊದಲ ಸ್ಥಾನ ಕೊಟ್ಟದ್ದು ಮನೆಗೆ. ಆ ಅರಸನ ಊರಿನಲ್ಲಿ ಕೂತು ಮನೆಯ ಸುಖವನ್ನು ಎ.ಸಿ. ಕಂಪನಿಯ ಕೈಗೆ ಒಪ್ಪಿಸುವುದು ಸ್ವಲ್ಪ ನಾಚಿಕೆಗೇಡು.

ಬೇರೆ ಹವೆಯ ಕಟ್ಟಡ ನಮ್ಮ ಜಿಲ್ಲೆಗೆ ಬಂದದ್ದೂ ಹೊಸ ಸಂಗತಿಯೇನಲ್ಲ. ಬೀದರಿನಲ್ಲಿ 1472ರಲ್ಲಿ ಬಹಮನಿ ಅರಸರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಆ ಕಾಲದ ವಿಶ್ವವಿದ್ಯಾಲಯವೇ. ನಕ್ಷೆಯ ಮೂಲ ಹಿಮ ಬೀಳುವ ಮಧ್ಯ ಏಷ್ಯಾ, ಪರ್ಷಿಯಾ ಕಡೆಯದು. 205 ಅಡಿ ಉದ್ದ, 180 ಅಡಿ ಅಗಲ, ನಡುವೆ ಅಂಗಳ, ಸುತ್ತ ಮೂರಂತಸ್ತಿನ ಕೋಣೆಗಳು. ಹದಿನೇಳನೇ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು. ಹೊರಮೈಯ ಬಣ್ಣದ ಹೆಂಚುಗಳು ಬಹುಪಾಲು ಉದುರಿವೆ. ಆದರೆ ಅಂಗಳವನ್ನು ತಬ್ಬಿದ ಕೋಣೆಗಳ ಏರ್ಪಾಡು ಇಂದಿಗೂ ಓದಲು ಕೂರಬಹುದು ಎನ್ನುವಂತಿದೆ. ಕೋಣೆಗಳ ಆಳ ಕಡಿಮೆಯಿದ್ದರೆ ಎರಡೂ ಕಡೆಯಿಂದ ಬೆಳಕು ಬರುತ್ತದೆ. ಇದು ಖುರಾಸಾನಿಗೂ ಸರಿ, ಬೀದರಿಗೂ ಸರಿ. ಅಮೆರಿಕದ ಕೊಲರಾಡೊ ರಾಜ್ಯದ ಗೋಲ್ಡನ್‌ನಲ್ಲಿ 2010ರಲ್ಲಿ ತೆರೆದ, ನವೀಕರಿಸಬಹುದಾದ ಇಂಧನದ ರಾಷ್ಟ್ರೀಯ ಪ್ರಯೋಗಾಲಯ ಎನ್‌ಆರ್‌ಇಎಲ್‌ನ ಸಂಶೋಧನಾ ಕಟ್ಟಡವೂ ಅಷ್ಟೇ: ಉದ್ದನೆಯ ರೆಕ್ಕೆಗಳು, ಅಗಲ 60 ಅಡಿ ಮಾತ್ರ, ಹಗಲಿನಲ್ಲಿ ದೀಪ ಬೇಡ.

ಚಳಿ ದೇಶದ ಪಾಠದಲ್ಲಿ ನಾವು ಬಿಡಬೇಕಾದದ್ದು ಗಾಳಿಯಾಡದಂತೆ ಮೊಹರು ಹಾಕುವ ಹಟ. ಹುಮನಾಬಾದಿನ ಹೆದ್ದಾರಿ ಪಕ್ಕ ಏಳುವ ಗಾಜು ಮತ್ತು ಅಲ್ಯುಮಿನಿಯಂ (ಎಸಿಪಿ) ಶೀಟಿನ ಅಂಗಡಿ ಮುಂಗಟ್ಟುಗಳು ಈ ಹಟದ ಅಗ್ಗದ ನಕಲು. ಶಾಖ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಬೀದರ್ ಸೀಮೆಯ ಹವೆ ಒಂದು ಪೆಟ್ಟಿಗೆಯಲ್ಲಿ ಕೂರುವಂಥದಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಡಿಸೆಂಬರ್-ಜನವರಿಯಲ್ಲಿ ರಾಜ್ಯದ ಬಯಲು ನಾಡಿನ ಅತಿ ಕಡಿಮೆ ಉಷ್ಣಾಂಶ ಎಂದು ಮತ್ತೆ ಮತ್ತೆ ಬೀದರ್ ಹೆಸರೇ ಸುದ್ದಿಗೆ ಬರುತ್ತದೆ, ಹತ್ತು ಡಿಗ್ರಿಗೂ ಕೆಳಗೆ. ಹಗಲು-ರಾತ್ರಿಯ ಅಂತರವೂ ದೊಡ್ಡದು. ಇಂಥ ಕಡೆ ದಪ್ಪ ಗೋಡೆ, ರಾತ್ರಿ ತೆರೆದು ಹಗಲು ಮುಚ್ಚುವ ಕಿಟಕಿ, ಬಿಸಿಲು ತಡೆದ ಚಾವಣಿ ಸಾಕು, ಅರ್ಧ ಯುದ್ಧ ಗೆದ್ದಂತೆ.

ಚಾವಣಿಯಷ್ಟೇ ಮುಖ್ಯ ಕಿಟಕಿಯ ಚಜ್ಜಾ. ದಕ್ಷಿಣದ ಗೋಡೆಯಲ್ಲಿ ನಾಲ್ಕು ಅಡಿ ಎತ್ತರದ ಕಿಟಕಿ ಇಡಿ, ಅದರ ನೆತ್ತಿಗೆ ಸರಿಯಾಗಿ ಒಂದೂಕಾಲು ಅಡಿಗಿಂತ ತುಸು ಹೆಚ್ಚು ಚಾಚಿದ ಚಜ್ಜಾ ಕೂರಿಸಿ. ಯುಗಾದಿಯ ಹೊತ್ತಿಗೆ ನಡುಹಗಲ ಬಿಸಿಲು ಕಿಟಕಿಯೊಳಗೆ ಬೀಳುವುದು ನಿಲ್ಲುತ್ತದೆ. ಡಿಸೆಂಬರಿನಲ್ಲಿ ಅದೇ ಕಿಟಕಿಯ ಕೆಳಗಿನ ಎರಡೂವರೆ ಅಡಿಯಷ್ಟು ಭಾಗದಿಂದ ಬಿಸಿಲು ಒಳಗಿನ ಫರ್ಸಿಗೆ ಇಳಿದು ಬೆಳಗಿನ ಚಳಿ ಮುರಿಯುತ್ತದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ಸರಿಯುವುದರಿಂದ ಉತ್ತರದ ಕಿಟಕಿಗೂ ಸಣ್ಣ ಚಜ್ಜಾ ಬೇಕು. ಪಶ್ಚಿಮಕ್ಕೆ ಕಿಟಕಿಯೇ ಬೇಡ. ಮೆಟ್ಟಿಲು, ಶೌಚಾಲಯ, ಸಾಮಾನಿನ ಕೋಣೆ ಆ ಕಡೆ ಇರಲಿ. ಇದಕ್ಕೆಲ್ಲ ಒಂದು ಪೈಸೆಯ ಯಂತ್ರವಿಲ್ಲ.

ಹಾಗೆಂದು ಹಳೆಯ ಮಾಳಿಗೆ ಮನೆಯೇ ಸ್ವರ್ಗ ಎಂದು ಹಾಡುವವರ ಜೊತೆ ನನಗೆ ಸರಿಬರುವುದಿಲ್ಲ. ಕಲ್ಯಾಣದ ಹಳೆ ಓಣಿಯ ಕಲ್ಲು-ಮಣ್ಣಿನ ಮನೆ ತಂಪು, ನಿಜ. ಆದರೆ ಬೆಳಕಿಂಡಿಯ ಕೆಳಗಿನ ಚೌಕ ಬಿಟ್ಟರೆ ಒಳಗೆ ಸಣ್ಣ ಅಕ್ಷರ ಓದಲು ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಬಡಿಯುವವರು ಬೇಕು, ಇಲ್ಲವಾದರೆ ಸೋರುತ್ತದೆ. ಸಂಶೋಧಕನಿಗೆ ಬೇಕಾದದ್ದು ಆ ಗೋಡೆಯ ತೂಕ ಮತ್ತು ಮದರಸಾದ ಬೆಳಕು, ಎರಡೂ ಒಟ್ಟಿಗೆ.

ಗೋಡೆ ಯಾವುದರದ್ದು ಎಂಬಲ್ಲಿ ಟ್ರೊಂಡ್‌ಹೈಮ್‌ನ ಕಠಿಣ ಲೆಕ್ಕ ನಮಗೆ ನಿಜವಾಗಿ ಕಚ್ಚುತ್ತದೆ. ಅವರು ಮರ ಬಳಸಿದರು ಎಂದು ನಾವೂ ಮರಕ್ಕೆ ಹೋದರೆ ಕಾಡೇ ಕಡಿಮೆಯಿರುವ ಜಿಲ್ಲೆಗೆ ಲಾರಿಯಲ್ಲಿ ತರಿಸಬೇಕು. ಮಳಖೇಡ, ವಾಡಿ ಕಡೆಯ ಸಿಮೆಂಟು ಹತ್ತಿರವೇ ಸಿಗುತ್ತದೆ, ಆದರೆ ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಗರಗಸದಿಂದ ಕೊಯ್ದು ತೆಗೆಯಬಹುದು, ಸುಡಬೇಕಿಲ್ಲ. ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತೆಗೆಯುವ ಮಣ್ಣಿನ ಇಟ್ಟಿಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಎಪ್ಪತ್ತರ ದಶಕದಿಂದಲೇ ಬೆಳೆಸಿದೆ. ಕಲ್ಯಾಣದ ಎರೆಮಣ್ಣು ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಒದ್ದೆಯಾದರೆ ಉಬ್ಬಿ, ಒಣಗಿದರೆ ಬಿರಿಯುವ ಮಣ್ಣು ಅದು.

ಇನ್ನು ಒಳಗಿನವರ ಮಾತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಚೇರಿಗಳಲ್ಲಿ ನಡೆಸಿದ ಅಧ್ಯಯನ, ನಮ್ಮ ಜನ ಋತುವಿಗೆ ತಕ್ಕಂತೆ ಹೆಚ್ಚು ಶಾಖವನ್ನು ಸಹಜವಾಗಿ ಒಪ್ಪುತ್ತಾರೆ ಎಂದು ತೋರಿಸಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೂ ಆ ಮಾದರಿ ಸೇರಿತು. ಸುಮಾರು 30 ವಾಟ್‌ನ ಹೊಸ ಫ್ಯಾನಿನ ಕೆಳಗೆ ಓದುವವನು ಬೆವರುವುದಿಲ್ಲ. ಗ್ರಂಥಾಲಯದ ಓಲೆಗರಿ ಹಸ್ತಪ್ರತಿಗಳಿಗೆ ಮಾತ್ರ ಫ್ಯಾನು ಸಾಲದು, ಅವಕ್ಕೆ ಏರುಪೇರಿಲ್ಲದ ತೇವ-ಶಾಖ ಬೇಕು. ಅದಕ್ಕಾಗಿ ದಪ್ಪ ಗೋಡೆಯ ಒಂದು ಸಣ್ಣ ಕೋಣೆಗೆ ಎ.ಸಿ. ಹಾಕಿ, ಇಡೀ ಕಟ್ಟಡಕ್ಕೆ ಬೇಡ. ಎನ್‌ಆರ್‌ಇಎಲ್ ಕಟ್ಟಡದಲ್ಲೂ ಕರೆಂಟಿನ ದೊಡ್ಡ ಪಾಲನ್ನು ತಿಂದದ್ದು ಮನುಷ್ಯರು ಕೂರದ ಸರ್ವರ್ ಕೋಣೆಯೇ.

ಎನ್‌ಆರ್‌ಇಎಲ್‌ನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಗುತ್ತಿಗೆಯ ಕಾಗದದಲ್ಲಿದೆ. ವರ್ಷಕ್ಕೆ ಇಷ್ಟೇ ಇಂಧನ ಎಂದು ಟೆಂಡರು ಕರೆಯುವಾಗಲೇ ಬರೆದರು. ಗುತ್ತಿಗೆದಾರ ಅದಕ್ಕೆ ಬದ್ಧನಾಗಬೇಕಾಯಿತು. ನಮ್ಮ ಟೆಂಡರುಗಳಲ್ಲಿ ಗ್ರಾನೈಟಿನ ದಪ್ಪ ಇರುತ್ತದೆ, ಪಾಲಿಶ್ ಎಷ್ಟು ಸುತ್ತು ಎಂದಿರುತ್ತದೆ, ಯೂನಿಟ್ ಇರುವುದಿಲ್ಲ.

ಅನುಭವ ಮಂಟಪ ಸ್ಮಾರಕ, ಅದು ಎತ್ತರಕ್ಕೆ ಏಳಲಿ, ಅದರ ವಿದ್ಯುತ್ತನ್ನು ಜೆಸ್ಕಾಂ ಕೊಡಲಿ. ಗ್ರಂಥಾಲಯವನ್ನೂ ಸಂಶೋಧನಾ ಕೇಂದ್ರವನ್ನೂ ಅದರ ಹೊಟ್ಟೆಯೊಳಗೆ ತುರುಕಿದ್ದನ್ನು ಮಾತ್ರ ಒಪ್ಪಲಾಗದು. ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ ಮಲಗಿದ, ಎರಡೇ ಅಂತಸ್ತಿನ, ಅಂಗಳ ಇರುವ ಜಂಬಿಟ್ಟಿಗೆ ಕಟ್ಟಡವೊಂದು ಪಕ್ಕದಲ್ಲಿ ಬರಬಹುದಿತ್ತು. ಹಾಲಹಳ್ಳಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಣ್ಣುಬಿಟ್ಟಿರುವ ಬೀದರ್ ವಿಶ್ವವಿದ್ಯಾಲಯಕ್ಕೆ ಕಟ್ಟಡಗಳ ನಕ್ಷೆ ಬರೆಯುವವರ ಮುಂದೆ ಆ ಹಾಳೆ ಇನ್ನೂ ಖಾಲಿ ಇರುವ ಸಾಧ್ಯತೆ ಇದೆ. ಅವರು ಮೊದಲು ಕೇಳಬೇಕಾದದ್ದು ಚದರ ಮೀಟರಿಗೆ 44 ಯೂನಿಟ್‌ನಲ್ಲಿ ನಡೆಯುತ್ತದೆಯೇ ಎಂದು. ಗೋಪುರ ಯಾವ ಶೈಲಿಯದು ಎಂದು ಆಮೇಲೆ ಕೇಳಿದರೂ ನಡೆದೀತು.