ಪಾತ್ರ ಬಿಟ್ಟುಕೊಟ್ಟ ನಟ

ಗುಜರಾತಿ ರಂಗಭೂಮಿಯ ಜಯಶಂಕರ ಸುಂದರಿಯವರ ಹೆಸರು ಬಂದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ಅವರು ಸೀರೆ ಉಟ್ಟು ರಂಗಕ್ಕೆ ಬಂದರೆ ಮುಂಬಯಿಯ ಸ್ಥಿತಿವಂತ ಮನೆಗಳ ಹೆಂಗಸರು ಸೆರಗು ಹೊದೆಯುವುದನ್ನೂ ಹೆಜ್ಜೆ ಇಡುವುದನ್ನೂ ಅವರನ್ನು ನೋಡಿ ಕಲಿಯುತ್ತಿದ್ದರು ಎಂಬುದೇ ಆ ಮಾತು. ಸುಳ್ಳೇನಲ್ಲ. ಆದರೆ ಎಂಬತ್ತೈದು ವರ್ಷ ಬಾಳಿದ ರಂಗಕರ್ಮಿಯೊಬ್ಬರನ್ನು ಯೌವನದ ಚೆಲುವಿಗೇ ಕಟ್ಟಿಹಾಕಿದರೆ ಅವರ ದೊಡ್ಡ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಅವರ ರಂಗಜೀವನದ ಮಹತ್ವದ ವರ್ಷ ಯಾವುದು ಎಂದು ಯಾರಾದರೂ ಕೇಳಿದರೆ, ಅವರಿಗೆ ‘ಸುಂದರಿ’ ಎಂಬ ಹೆಸರು ತಂದ 1901ನ್ನು ಬಿಟ್ಟು ನಾನು 1957ನ್ನು ಹೇಳುತ್ತೇನೆ. ಆಗ ಅವರಿಗೆ 68 ವರ್ಷ. ಅಹಮದಾಬಾದಿನಲ್ಲಿ ಅವರು ಕಟ್ಟಿ ನಿಲ್ಲಿಸಿದ ‘ಮೇನಾ ಗುರ್ಜರಿ’ ನಾಟಕ ಆ ವರ್ಷ ದೆಹಲಿಗೆ ಹೋಗಿ, ರಾಷ್ಟ್ರಪತಿ ಭವನದಲ್ಲಿ ರಾಜೇಂದ್ರ ಪ್ರಸಾದರ ಎದುರು ಪ್ರದರ್ಶನ ಕಂಡಿತು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅದೇ ವರ್ಷ ಬಂತು. ನಾಟಕದ ನಾಯಕಿಯಾಗಿ ರಂಗದ ಮೇಲೆ ನಿಂತಿದ್ದವರು ಒಬ್ಬ ಹೆಣ್ಣುಮಗಳು, ದೀನಾ ಗಾಂಧಿ. ಮುಂದೆ ದೀನಾ ಪಾಠಕ್ ಎಂಬ ಹೆಸರಿನಲ್ಲಿ ‘ಗೋಲ್‌ಮಾಲ್’ನಂಥ ಹಿಂದಿ ಚಿತ್ರಗಳಿಂದ ನಮಗೆಲ್ಲ ಪರಿಚಿತರಾದವರು ಇವರೇ.

ಮೂರು ದಶಕ ಹೆಣ್ಣಾಗಿ ನಟಿಸಿ ಮೆರೆದ ಗಂಡಸೊಬ್ಬರು ಆ ಪಾತ್ರವನ್ನು ಹೆಣ್ಣಿಗೇ ಒಪ್ಪಿಸಿ, ಅವಳಿಗೆ ತಾಲೀಮು ಕೊಟ್ಟು, ತಾವು ಪಡದೆಯ ಹಿಂದೆ ನಿಂತರು. ಅವರ ಹಿರಿತನವನ್ನು ನಾನು ಗುರುತಿಸುವುದು ಇಲ್ಲಿ.

ಜಯಶಂಕರ ಭೂಧರದಾಸ ಭೋಜಕರು ಹುಟ್ಟಿದ್ದು 1889ರ ಜನವರಿ 30ರಂದು, ಉತ್ತರ ಗುಜರಾತಿನ ವಿಸನಗರದ ಸೀಮೆಯಲ್ಲಿ. ಹಾಡು, ಆಟ, ವೇಷಗಳನ್ನೇ ಕಸುಬಾಗಿಸಿಕೊಂಡ ಸಮುದಾಯ ಅವರದು. ಒಂಬತ್ತು ತುಂಬುವ ಮೊದಲೇ ಊರು ಬಿಟ್ಟು ಕಲ್ಕತ್ತೆಯ ಉರ್ದು ನಾಟಕ ಕಂಪನಿ ಸೇರಿದರು. ಅಲ್ಲಿಂದ ಮುಂಬಯಿಗೆ ಬಂದು, 1901ರಲ್ಲಿ ಮುಂಬಯಿ ಗುಜರಾತಿ ನಾಟಕ ಮಂಡಳಿಯಲ್ಲಿ ಮೂಲಶಂಕರ ಮೂಲಾಣಿಯವರ ‘ಸೌಭಾಗ್ಯ ಸುಂದರಿ’ಯ ನಾಯಕಿಯಾದಾಗ ಅವರಿಗೆ ಬರೀ ಹನ್ನೆರಡು. ನಾಯಕಿಯ ಹೆಸರೇ ಜೀವಮಾನವಿಡೀ ಅವರ ಹೆಸರಿನೊಂದಿಗೆ ಉಳಿಯಿತು. ‘ವಿಕ್ರಮ ಚರಿತ್ರ’ದಲ್ಲಿ ಹಾಲು ಮಾರುವ ರಂಭೆಯಾಗಿ ಬಂದಾಗ ಅವರ ಹಾಡು ರಂಗಮಂದಿರ ದಾಟಿ ಬೀದಿಗೂ ಹರಡಿತು. ಬಾಪುಲಾಲ ನಾಯಕರು ನಾಯಕ, ಸುಂದರಿ ನಾಯಕಿ ಎಂದರೆ ಆ ಕಾಲದ ಗುಜರಾತಿ ಪ್ರೇಕ್ಷಕರಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಆ ಅಭಿನಯ ಎಂಥದು? ಅದನ್ನು ಕಣ್ಣಾರೆ ಕಂಡವರು ಈಗ ಉಳಿದಿಲ್ಲ. ನಮಗೆ ಆಧಾರ ಕೆಲವು ಛಾಯಾಚಿತ್ರಗಳು ಮತ್ತು ಅವರು ಹೇಳಿ ಬರೆಸಿದ ಆತ್ಮಕಥೆ ‘ಥೋಡಾಂ ಆಂಸು, ಥೋಡಾಂ ಫೂಲ್’. ಅದರಲ್ಲಿ ಅವರು ರವಿಕೆ ತೊಟ್ಟು, ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತ ಗಳಿಗೆಯೊಂದು ಬರುತ್ತದೆ. ಕನ್ನಡಿಯಲ್ಲಿ ಅವರಿಗೆ ಕಂಡದ್ದು ನಾಚಿಕೆ ತುಂಬಿದ ಒಬ್ಬ ಎಳೆಯ ಗುಜರಾತಿ ಹುಡುಗಿ. ತಾನು ಅವಳ ವೇಷ ಹಾಕಿದ್ದೇನೆ ಎನ್ನುವುದಕ್ಕಿಂತ ಅವಳು ತನ್ನೊಳಗಿನಿಂದ ಹೊರಬಂದಳು ಎಂಬ ಬೆರಗು ಆ ಬರವಣಿಗೆಯಲ್ಲಿದೆ. ಯಕ್ಷಗಾನ ನೋಡಿ ಬೆಳೆದ ನಮಗೆ ಗಂಡಸರು ಹೆಣ್ಣಾಗುವುದು ಹೊಸದಲ್ಲ. ಆದರೆ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನಾಗಲಿ, ಮಂಟಪ ಪ್ರಭಾಕರ ಉಪಾಧ್ಯರ ‘ಭಾಮಿನಿ’ಯನ್ನಾಗಲಿ ನೋಡುವಾಗ ಅದು ವೇಷವೆಂಬ ಅರಿವು ಪ್ರೇಕ್ಷಕನ ಜೊತೆಗೇ ಇರುತ್ತದೆ. ತಾಳ, ನೃತ್ಯ, ಬಣ್ಣ ಸೇರಿ ಆ ಅರಿವನ್ನು ಕಾಯುತ್ತವೆ, ರಸ ಹುಟ್ಟುವುದೂ ಅದರಿಂದಲೇ. ಗುಜರಾತಿನ ಜಾನಪದ ಆಟ ಭವಾಯಿಯಲ್ಲಿ ಹೆಣ್ಣಾಗಿ ಕುಣಿಯುವ ‘ಕಾಂಚಳಿಯಾ’ಗಳದ್ದೂ ಇದೇ ಜಾತಿಯ ಕಲೆ. ಮುಂಬಯಿಯ ಚೌಕಟ್ಟಿನ ರಂಗ ಆ ಅರಿವನ್ನೇ ಮರೆಸಲು ಹೊರಟಿತ್ತು. ಮನೆಯೊಳಗಿನ ಹೆಣ್ಣುಮಗಳು ಹೇಗೆ ನಿಲ್ಲುತ್ತಾಳೋ ಹಾಗೆಯೇ ನಿಲ್ಲಬೇಕು, ಹೇಗೆ ಕಣ್ಣು ತಗ್ಗಿಸುತ್ತಾಳೋ ಹಾಗೆಯೇ ತಗ್ಗಿಸಬೇಕು ಎಂಬುದು ಅಲ್ಲಿನ ಅಳತೆಗೋಲು. ಸುಂದರಿ ಆ ಅಳತೆಗೆ ಸಂಪೂರ್ಣವಾಗಿ ಒದಗಿದರು. ನಟನೆಯ ಸೂಕ್ಷ್ಮದ ದೃಷ್ಟಿಯಿಂದ ಇದು ಅಸಾಧಾರಣ ಸಾಧನೆ.

ಈ ಸಾಧನೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ಗಂಡಸೇ ಹೆಣ್ಣಿಗಿಂತ ಚೆನ್ನಾಗಿ ಹೆಣ್ಣಾಗಬಲ್ಲ ಎಂದಾದ ಮೇಲೆ ರಂಗಕ್ಕೆ ನಟಿಯರು ಬೇಕೇಬೇಕು ಎನ್ನುವವರು ಯಾರು? ಮರ್ಯಾದಸ್ಥ ಮನೆಯವರು ಕೂತು ನೋಡುವ ನಾಟಕ ಬೇಕು, ಆದರೆ ಮರ್ಯಾದಸ್ಥ ಮನೆಯ ಹೆಣ್ಣು ರಂಗದ ಮೇಲೆ ಬರಕೂಡದು ಎಂಬ ಸಮಾಜದ ಇಬ್ಬಗೆಗೆ ಸ್ತ್ರೀಪಾತ್ರಧಾರಿಗಳು ಒಳ್ಳೆಯ ಪರಿಹಾರವಾದರು. ಗಂಡಸರು ಕಲ್ಪಿಸಿದ, ಗಂಡಸರೇ ನಟಿಸಿದ ಕುಲವಧುವೊಬ್ಬಳು ಪ್ರೇಕ್ಷಕರ ಸಾಲಿನಲ್ಲಿದ್ದ ನಿಜವಾದ ಹೆಂಗಸರಿಗೆ ಮಾದರಿಯಾದಳು. ನೃಸಿಂಹ ವಿಭಾಕರರ ‘ಸ್ನೇಹಸರಿತಾ’ದಂಥ ನಾಟಕ 1915ರಲ್ಲಿ ಸ್ತ್ರೀಯರ ಹಕ್ಕಿನ ಮಾತನ್ನು ಅದೇ ರಂಗಕ್ಕೆ ತಂದಾಗಲೂ ಆ ಮಾತು ಪ್ರೇಕ್ಷಕರನ್ನು ತಲುಪಿದ್ದು ಗಂಡಸಿನ ದನಿಯಲ್ಲೇ. ಸುಂದರಿಯವರೊಬ್ಬರ ಮೇಲೆ ಈ ಹೊಣೆ ಹೊರಿಸುವುದು ತಪ್ಪು. ಮರಾಠಿಯಲ್ಲಿ ಬಾಲಗಂಧರ್ವರು ಅದೇ ಕಾಲದಲ್ಲಿ ಅದೇ ಕೆಲಸ ಮಾಡುತ್ತಿದ್ದರು. ವಡೋದರಾದ ಸಯಾಜಿರಾವ್ ಗಾಯಕವಾಡರಂಥ ಸುಧಾರಕ ಅರಸರೇ ಅವರಿಗೆ ಆಶ್ರಯ ಕೊಟ್ಟಿದ್ದರು. ನಮ್ಮ ಏಣಗಿ ಬಾಳಪ್ಪನವರೂ ಬಣ್ಣ ಹಚ್ಚಿದ ಮೊದಲ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಮಾಡಿದವರೇ. ಅದು ಕಾಲದ ಕಟ್ಟಳೆ. ಆದರೆ ಬಾಲಗಂಧರ್ವರಿಗೆ ಇಳಿವಯಸ್ಸಿನಲ್ಲೂ ಆ ಸೀರೆಯಿಂದ ಬಿಡುಗಡೆ ಸಿಗಲಿಲ್ಲ. ಸುಂದರಿಯವರು 1932ರಲ್ಲಿ, 43ರ ವಯಸ್ಸಿನಲ್ಲಿ, ರಂಗ ಬಿಟ್ಟು ವಿಸನಗರಕ್ಕೆ ಮರಳಿದರು. ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ದೊಡ್ಡ ರಂಗ ಅವರನ್ನು ಕಾಣಲಿಲ್ಲ.

ಎರಡನೆಯ ಆಟ ಶುರುವಾದದ್ದು ಅಹಮದಾಬಾದಿನಲ್ಲಿ. 1848ರಲ್ಲಿ ಹುಟ್ಟಿದ ಗುಜರಾತ್ ವಿದ್ಯಾಸಭೆಯ ಶತಮಾನೋತ್ಸವದ ಹೊತ್ತಿಗೆ ವಿದ್ವಾಂಸ ರಸಿಕಲಾಲ ಪರೀಖರ ಜೊತೆಗೂಡಿ ಅವರು ರಂಗಕ್ಕೆ ತಂದದ್ದು ರಮಣಭಾಯಿ ನೀಲಕಂಠರ ‘ರಾಯಿನೋ ಪರ್ವತ್’. ಓದುವುದಕ್ಕೆ ಚೆಂದ, ಆಡುವುದಕ್ಕೆ ಕಷ್ಟ ಎಂದು ಹೆಸರಾದ ಕೃತಿ ಅದು. ಭವಾಯಿಯ ವೇಷವೊಂದರಲ್ಲಿ ಬರುವ ದೋಹೆಯ ಎಳೆ ಹಿಡಿದು ಹೆಣೆದ ಕಥೆ. ಮುದಿ ರಾಜ ಪರ್ವತರಾಯ ಯೌವನ ಪಡೆಯುವ ಆಸೆಯಲ್ಲಿದ್ದಾಗ ರಾಯಿ ಎಂಬ ತರುಣನ ಬಾಣಕ್ಕೆ ಅಚಾತುರ್ಯದಿಂದ ಬಲಿಯಾಗುತ್ತಾನೆ. ಯೌವನ ಪಡೆದು ಬಂದ ರಾಜ ನಾನೇ ಎಂದು ಹೇಳಿ ಸಿಂಹಾಸನ ಏರು, ರಾಣಿಗೂ ಗಂಡನಾಗು ಎಂದು ರಾಯಿಯ ತಾಯಿ ಹಟ ಹಿಡಿಯುತ್ತಾಳೆ. ರಾಣಿಯ ವಿಷಯ ಬಂದಾಗ ರಾಯಿಯ ಅಂತಃಸಾಕ್ಷಿ ಒಪ್ಪುವುದಿಲ್ಲ. ಇನ್ನೊಬ್ಬರಾಗಿ ಬದುಕುವುದಕ್ಕೂ ಒಂದು ಎಲ್ಲೆ ಇದೆ ಎಂಬುದು ನಾಟಕದ ತಿರುಳು. ಬದುಕೆಲ್ಲ ಇನ್ನೊಬ್ಬರಾಗಿ ನಟಿಸಿದವರು ಮರುಪ್ರವೇಶಕ್ಕೆ ಈ ನಾಟಕವನ್ನೇ ಎತ್ತಿಕೊಂಡದ್ದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ಎಲ್ಲಿ ವೇಷ ಕಳಚಬೇಕು ಎಂಬುದು ಅವರಿಗೂ ಗೊತ್ತಿತ್ತು.

ಇದರ ಬೆನ್ನಿಗೆ ನಟಮಂಡಳ ಎಂಬ ನಾಟಕ ತಂಡ ಹುಟ್ಟಿತು. ವೃತ್ತಿ ಕಂಪನಿಯ ಅನುಭವ ಹೊತ್ತ ಪ್ರಾಣಸುಖ ನಾಯಕರಂಥ ಹಳಬರು, ಇಪ್ಟಾ ಎಂಬ ಜನನಾಟ್ಯ ಚಳವಳಿಯ ಬಿಸಿ ಕಂಡ ದೀನಾ ಗಾಂಧಿಯಂಥ ಹೊಸಬರು ಒಂದೇ ತಾಲೀಮಿನ ಕೋಣೆಗೆ ಬಂದರು. 1953ರಲ್ಲಿ ರಸಿಕಲಾಲ ಪರೀಖರ ‘ಮೇನಾ ಗುರ್ಜರಿ’ ಸಿದ್ಧವಾಯಿತು. ಇದರ ಮೈಕಟ್ಟು ಭವಾಯಿಯದು. ಭವಾಯಿ ಎಂದರೆ ಅಂಬಾಮಾತೆಯ ಎದುರು, ‘ಚಾಚರ್’ ಎಂಬ ಬಯಲಿನಲ್ಲಿ ಆಡುವ ಆಟ. ‘ಭೂಂಗಳ್’ ಎಂಬ ಉದ್ದನೆಯ ತಾಮ್ರದ ಕಹಳೆಗಳು ಜೋಡಿಯಾಗಿ ಮೊಳಗಿದರೆ ಊರು ಸೇರುತ್ತದೆ. ನಾಯಕ ಕಥೆ ನಡೆಸುತ್ತಾನೆ. ರಂಗಲೋ ಎಂಬ ವಿದೂಷಕ ನಡುವೆ ಬಾಯಿ ಹಾಕಿ ರಾಜನಿಂದ ಬಡ್ಡಿ ವ್ಯಾಪಾರಿಯವರೆಗೆ ಯಾರನ್ನೂ ಬಿಡುವುದಿಲ್ಲ. ನಮ್ಮ ಸಣ್ಣಾಟ, ಯಕ್ಷಗಾನದ ಹಾಸ್ಯಗಾರರನ್ನು ಬಲ್ಲವರಿಗೆ ಇದರ ರುಚಿ ತಿಳಿಸಬೇಕಾಗಿಲ್ಲ. ಮಾತು ಒರಟು, ಕುಣಿತ ಬಿರುಸು. ಓದಿದ ಪಟ್ಟಣಿಗರು ಅಶ್ಲೀಲವೆಂದು ಬದಿಗೆ ಸರಿಸಿದ್ದ ಈ ಆಟವನ್ನು ಸುಂದರಿ ಮತ್ತು ಪರೀಖರು ಅಹಮದಾಬಾದಿನ ಸುಶಿಕ್ಷಿತರ ಎದುರು ತಲೆಯೆತ್ತಿ ನಿಲ್ಲಿಸಿದರು. ಕಾಲದ ಲೆಕ್ಕ ಗಮನಿಸಬೇಕು: ಜಾನಪದ ರಂಗವನ್ನು ಆಧುನಿಕ ನಾಟಕಕ್ಕೆ ಬೆಸೆದದ್ದಕ್ಕೆ ನಾವು ಮೆಚ್ಚುವ ಕಾರ್ನಾಡರ ‘ಹಯವದನ’ ಬಂದದ್ದು 1971ರಲ್ಲಿ. ದೀನಾ ಅವರ ಅಕ್ಕ ಶಾಂತಾ ಗಾಂಧಿ ದೆಹಲಿಯಲ್ಲಿ ಭವಾಯಿಯ ‘ಜಸಮಾ ಓಡನ್’ ಮಾಡಿಸಿದ್ದು 1960ರ ದಶಕದ ಕೊನೆಯಲ್ಲಿ. ಭಾರತೀಯ ರಂಗಭೂಮಿ ತನ್ನ ಬೇರು ಹುಡುಕಿದ ಚರಿತ್ರೆ ಬರೆಯುವಾಗ ಅಹಮದಾಬಾದಿನ ಈ ಪ್ರಯೋಗಕ್ಕೆ ಮೊದಲ ಪುಟಗಳಲ್ಲೇ ಜಾಗ ಸಲ್ಲಬೇಕು.

ಮೇನಾಳ ಕಥೆ ಸರಳ. ಗುರ್ಜರ ಮನೆತನದ ಸೊಸೆ ಬಾದಶಹನ ದಂಡಿನ ಬಿಡಾರ ನೋಡುವ ಕುತೂಹಲದಿಂದ ಹೋಗಿ ಸೆರೆಯಾಗುತ್ತಾಳೆ. ಗುರ್ಜರರು ಹೋರಾಡಿ ಬಿಡಿಸಿ ತರುತ್ತಾರೆ. ಮನೆಗೆ ಮರಳಿದ ಮೇಲೆ ಮನೆಯವರೇ ಅವಳ ಶೀಲ ಪ್ರಶ್ನಿಸುತ್ತಾರೆ. ಅವಳು ಮನೆ ತೊರೆದು ವಡೋದರಾದ ಆಚೆಗಿನ ಪಾವಾಗಢ ಬೆಟ್ಟದ ದೇವಿಯ ಕಡೆ ನಡೆಯುತ್ತಾಳೆ. ಭವಾಯಿಯ ಹುಟ್ಟಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹದಿನಾಲ್ಕನೆಯ ಶತಮಾನದ ಅಸಾಯಿತ ಠಾಕರ ಎಂಬ ಬ್ರಾಹ್ಮಣ, ಸರದಾರನೊಬ್ಬ ಹೊತ್ತೊಯ್ದ ಪಟೇಲರ ಹುಡುಗಿ ಗಂಗಾಳನ್ನು ತನ್ನ ಮಗಳೆಂದು ಹೇಳಿ ಬಿಡಿಸಿದನಂತೆ. ಮಾತು ನಿಜವೆಂದು ತೋರಿಸಲು ಅವಳ ಜೊತೆ ಒಂದೇ ಎಲೆಯಲ್ಲಿ ಉಂಡನಂತೆ. ಜಾತಿಯಿಂದ ಹೊರಬಿದ್ದ ಅವನು ವೇಷ ಕಟ್ಟಿ ಆಡಿದ್ದೇ ಭವಾಯಿಯಾಯಿತು ಎಂಬುದು ಐತಿಹ್ಯ. ಅಲ್ಲಿ ಒಬ್ಬ ಗಂಡಸು ಹೆಣ್ಣಿನ ಮಾನ ಉಳಿಸಲು ತನ್ನ ಕುಲವನ್ನೇ ಕಳೆದುಕೊಂಡ. ಇಲ್ಲಿ ಅಂಥ ಒಬ್ಬನೂ ಸಿಗದೆ ಮೇನಾ ತಾನೇ ಹೊರಟುಹೋಗುತ್ತಾಳೆ. ಐತಿಹ್ಯದ ಎದುರು ನಾಟಕ ಎತ್ತಿದ ಈ ಪ್ರಶ್ನೆಯಲ್ಲಿ ಅದರ ಬಲವಿದೆ.

ಕೊರತೆಯೂ ಅಲ್ಲೇ ಇದೆ. ಶಂಕಿಸಿದ ಮನೆಯವರು ಉತ್ತರ ಕೊಡಬೇಕಾದ ಹೊತ್ತಿಗೆ ಮೇನಾ ದೈವತ್ವಕ್ಕೆ ಏರಿಬಿಡುತ್ತಾಳೆ. ದೇವಿಯಾದವಳಿಗೆ ಕೈಮುಗಿದರೆ ತೀರಿತು, ಅವಳಿಗೆ ಮಾಡಿದ ಅನ್ಯಾಯದ ಲೆಕ್ಕ ಯಾರೂ ಒಪ್ಪಿಸಬೇಕಾಗಿಲ್ಲ. ‘ನಾಗಮಂಡಲ’ದ ರಾಣಿ ಹಾವು ಹಿಡಿದು ಆಣೆ ಮಾಡಿದಾಗಲೂ ಊರು ಅವಳನ್ನು ದೇವಿಯೆಂದು ಹೊತ್ತು ಕುಣಿಯುತ್ತದೆ. ಆದರೆ ಕಾರ್ನಾಡರು ಆ ಗೌರವದ ಪೊಳ್ಳನ್ನು ಪ್ರೇಕ್ಷಕನಿಗೆ ತೋರಿಸದೆ ಬಿಡುವುದಿಲ್ಲ. ‘ಮೇನಾ ಗುರ್ಜರಿ’ ಆ ಹೆಜ್ಜೆ ಇಡಲಿಲ್ಲ. ಸುಂದರಿಯವರು ಮುಂಬಯಿಯಲ್ಲಿ ರೂಢಿಸಿದ ಆದರ್ಶ ಕುಲವಧುವಿನ ನೆರಳು ಈ ನಾಟಕದ ಕೊನೆಯ ಮೇಲೆ ಬಿದ್ದಿದೆ ಎಂದೇ ನನ್ನ ಅನಿಸಿಕೆ. ಆದರೂ ಒಂದು ದೊಡ್ಡ ವ್ಯತ್ಯಾಸ ಆಗಿತ್ತು: ಶಂಕೆಗೆ ಗುರಿಯಾದ ಹೆಣ್ಣಿನ ಸಿಟ್ಟನ್ನು ಈಗ ಒಬ್ಬ ಹೆಣ್ಣೇ, ತನ್ನ ಮೈ ಮತ್ತು ದನಿಯಿಂದ, ಆಡುತ್ತಿದ್ದಳು.

ಈ ಕೆಲಸದ ಬೆಲೆ ತಿಳಿಯಲು ಚಂದ್ರವದನ ಮೆಹತಾರನ್ನು ನೆನೆಯಬೇಕು. 1901ರಲ್ಲಿ ಸೂರತ್‌ನಲ್ಲಿ ಹುಟ್ಟಿ, ಮುಂದೆ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿಸಿದ ಮೆಹತಾ ಹವ್ಯಾಸಿ ರಂಗಭೂಮಿಯ ಮುಂದಾಳು. ಕಂಪನಿ ನಾಟಕಗಳ ಕಣ್ಣೀರು, ಒನ್ಸ್ ಮೋರ್, ತೂಗುಪಡದೆಗಳ ಮೇಲೆ ಅವರು ಯುದ್ಧವನ್ನೇ ಸಾರಿದ್ದರು. ದೇಶ ವಿದೇಶಗಳ ರಂಗಗಳನ್ನು ಸುತ್ತಿ ಬರೆದ ಅವರ ‘ನಾಟ್ಯ ಗಠರಿಯಾಂ’ ಎಂಬ ಪ್ರವಾಸದ ಪುಸ್ತಕಕ್ಕೆ 1971ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸುಂದರಿಯವರಿಗೆ ಪದ್ಮಭೂಷಣ ಬಂದದ್ದೂ ಅದೇ ವರ್ಷ. ಒಬ್ಬರು ಹೊರಗೆ ತಿರುಗಿ ಕಲಿತು ಬಂದು ಹಳೆಯದನ್ನು ಕೆಡವಿದರು. ಇನ್ನೊಬ್ಬರು ಹಳೆಯ ಕಂಪನಿಯ ಒಳಗಿನಿಂದಲೇ ಬಂದು, ಅದರ ಶಿಸ್ತನ್ನು ಉಳಿಸಿಕೊಂಡು ಹೊಸದಕ್ಕೆ ದಾರಿ ಬಿಟ್ಟರು. ಗುಜರಾತಿ ರಂಗಭೂಮಿಗೆ ಇಬ್ಬರೂ ಬೇಕಾಗಿದ್ದರು. ಆದರೆ ತಾನೇ ಮೆರೆದ ರೂಢಿಯನ್ನು ತಾನೇ ಮುರಿಯುವುದು ಹೆಚ್ಚು ಕಷ್ಟದ್ದು, ಆ ಕಷ್ಟವನ್ನು ಸುಂದರಿ ಮೈಮೇಲೆ ಎಳೆದುಕೊಂಡರು.

ಅಹಮದಾಬಾದಿನ ರಾಯಖಡದಲ್ಲಿ ಇಂದು ಜಯಶಂಕರ ಸುಂದರಿ ನಾಟ್ಯಗೃಹವಿದೆ. ಸೂರತ್‌ನಲ್ಲಿ ಸಂಜೀವ್ ಕುಮಾರ್ ಸಭಾಂಗಣ, ವಡೋದರಾದಲ್ಲಿ ಸಯಾಜಿರಾವ್ ನಗರಗೃಹ. ಮುಂಬಯಿಯಲ್ಲಿ ತಯಾರಾದ ಗುಜರಾತಿ ನಾಟಕಗಳು ಈ ಮೂರೂ ಊರುಗಳನ್ನು ಸುತ್ತುತ್ತವೆ, ಹಿರಿಯ ನಟರೂ ಅವುಗಳ ಜೊತೆ ಸುತ್ತುತ್ತಾರೆ. ಎಪ್ಪತ್ತು ದಾಟಿದ ನಟ ಇನ್ನೂ ಊರೂರು ತಿರುಗುತ್ತಾನೆ ಎಂದು ನಾವು ಬೆರಗಾಗುತ್ತೇವೆ, ಸನ್ಮಾನ ಮಾಡುತ್ತೇವೆ. ಕರ್ನಾಟಕದಲ್ಲೂ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುವ ಕಂಪನಿಗಳ ಹಿರಿಯರಿಗೆ ಇದೇ ಮೆಚ್ಚುಗೆ. ಆ ದಣಿವರಿಯದ ದುಡಿಮೆಗೆ ತಲೆಬಾಗಲೇಬೇಕು. ಆದರೆ ವಿಮರ್ಶೆ ಅಷ್ಟಕ್ಕೆ ನಿಲ್ಲಬಾರದು. ಒಂದು ವರ್ಷದಲ್ಲಿ ಅವರು ಎಷ್ಟು ಆಟ ಆಡಿದರು ಎಂಬುದರ ಜೊತೆಗೆ ಯಾರನ್ನು ತಯಾರು ಮಾಡಿದರು ಎಂದೂ ಕೇಳಬೇಕು. 1958ರಲ್ಲಿ ಹೆಂಗಸರದೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದ ಆರ್. ನಾಗರತ್ನಮ್ಮನವರು ಈ ಪ್ರಶ್ನೆಗೆ ನಮ್ಮ ಕಡೆಯಿಂದ ಕೊಟ್ಟ ಘನವಾದ ಉತ್ತರ. ಸುಂದರಿಯವರ ಉತ್ತರ ದೀನಾ ಗಾಂಧಿ.

ಹಿರಿಯ ಕಲಾವಿದರಿಗೆ ಪ್ರಶಸ್ತಿ, ಮಾಸಾಶನ ಕೊಡುವುದು ಸರಿ, ಕೊಡಬೇಕು. ಅದರ ಜೊತೆಗೆ ಒಂದು ತಾಲೀಮಿನ ಕೋಣೆ, ಹತ್ತು ಜನ ಕಿರಿಯರು, ಒಂದು ನಾಟಕ ಕಟ್ಟುವಷ್ಟು ಸಮಯ ಕೊಡುವ ವ್ಯವಸ್ಥೆ ನಮ್ಮ ಅಕಾಡೆಮಿಗಳಲ್ಲಿ ಬರಬೇಕು. ಅಹಮದಾಬಾದಿನಲ್ಲಿ ವಿದ್ಯಾಸಭೆ ಇಷ್ಟನ್ನೇ ಮಾಡಿತ್ತು. ಊರಿಗೆ ಮರಳಿ ಕೂತಿದ್ದ ಒಬ್ಬ ನಿವೃತ್ತ ನಟರನ್ನು ಕರೆಸಿ ನಾಟಕ ಕೈಗೆ ಕೊಟ್ಟಿತ್ತು. ಗುಜರಾತಿ ರಂಗಭೂಮಿಗೆ ಅದರಿಂದ ಒಬ್ಬ ದೊಡ್ಡ ನಟಿ ಸಿಕ್ಕರು, ಭವಾಯಿಗೆ ಕಳೆದುಹೋದ ಮಾನ ಮರಳಿತು, ‘ಸುಂದರಿ’ ಎಂಬ ಬಿರುದಿಗೂ ಸೀರೆಯ ಆಚೆಗಿನ ಅರ್ಥ ಬಂತು.